ಬ್ಲ್ಯಾಕ್ ಲಿಕ್ಕರಿಗೆ ಎಷ್ಟು ಗಾಳಿ, ಎಲ್ಲಿಂದ ಗಾಳಿ?

ಕಾಗದ ಉದ್ಯಮದ ಯಾವ ವಿಚಾರಗೋಷ್ಠಿಗೆ ಹೋದರೂ ಈಗ ರಿಕವರಿ ಬಾಯ್ಲರಿನ ಗಾಳಿ ನಿಯಂತ್ರಣವೆಂದರೆ ಸಾಫ್ಟ್‌ವೇರ್ ಎಂಬಂತೆ ಮಾತು ಸಾಗುತ್ತದೆ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆದರಾಯಿತು, ಮಿಕ್ಕಿದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದಂತೆ. ಈ ಬಾಯ್ಲರಿನ ಚರಿತ್ರೆ ಗೊತ್ತಿದ್ದವರು ಹಾಗೆ ಹೇಳಲಾರರು.

ಇದರಲ್ಲಿ ಉರಿಯುವ, ಪಲ್ಪ್ ಬೇಯಿಸಿ ಉಳಿದ ಬ್ಲ್ಯಾಕ್ ಲಿಕ್ಕರಿನಲ್ಲಿ ಮರದ ಲಿಗ್ನಿನ್ ಜತೆಗೆ ಸೋಡಿಯಂ, ಗಂಧಕದ ಲವಣಗಳೂ ಇರುತ್ತವೆ. ಲಿಗ್ನಿನ್ ಉರಿದು ಹಬೆ ಕೊಡಬೇಕು. ಲವಣ ಕರಗಿ ಸ್ಮೆಲ್ಟ್ ಆಗಿ ಕೆಳಗೆ ಹರಿಯಬೇಕು. ಕುಲುಮೆಯ ತಳದಲ್ಲಿ ಗುಡ್ಡೆಯಾಗುವ ಬೆಡ್‌ನಲ್ಲಿ ಸಲ್ಫೇಟು ಸಲ್ಫೈಡ್ ಆಗಲು ಆಕ್ಸಿಜನ್ ಕೊರತೆ ಬೇಕು, ಮೇಲೆ ನಾರುವ ಅನಿಲಗಳು ಪೂರ್ತಿ ಸುಡಲು ಅದೇ ಆಕ್ಸಿಜನ್ ಧಾರಾಳವಾಗಿ ಬೇಕು. ತೊಡಕೆಲ್ಲ ಇಲ್ಲಿಂದಲೇ.

1930ರ ದಶಕದಲ್ಲಿ ಕೆನಡಾದ ಟಾಮ್ಲಿನ್ಸನ್ ಈ ಕುಲುಮೆಗೆ ರೂಪ ಕೊಟ್ಟ. ಗಾಳಿಗೆ ಮೊದಲು ಒಂದು ಮಟ್ಟ, ಮುಂದೆ ಎರಡು, 1980ರ ಹೊತ್ತಿಗೆ ಮೂರು: ಬೆಡ್‌ನ ಅಂಚಿಗೆ ಪ್ರೈಮರಿ, ಅದರ ಎತ್ತರವನ್ನು ಹಿಡಿದಿಡಲು ಸೆಕೆಂಡರಿ, ಲಿಕ್ಕರ್ ಸಿಂಪಡಿಸುವ ಗನ್‌ಗಳ ಮೇಲೆ ಟರ್ಷರಿ.

ನಿಜವಾದ ತಿರುವು ಬಂದದ್ದು 80–90ರ ದಶಕಗಳಲ್ಲಿ, ಸಣ್ಣ ಮಾದರಿಗಳಲ್ಲಿ ಹರಿವನ್ನು ಕಣ್ಣಾರೆ ನೋಡಿದಾಗ, ಆಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ. ನಾಲ್ಕೂ ಗೋಡೆಗಳಿಂದ ಒಂದೇ ಸಮನೆ ಗಾಳಿ ಊದಿದರೆ ಅದೆಲ್ಲ ನಡುವೆ ಡಿಕ್ಕಿ ಹೊಡೆದು ಕೊಳವೆಯಂತೆ ನೆಟ್ಟಗೆ ಮೇಲೇಳುತ್ತದೆ. ಆ ವೇಗಕ್ಕೆ ಸಿಕ್ಕ ಲಿಕ್ಕರ್ ಹನಿಗಳು ಸೂಪರ್‌ಹೀಟರಿಗೆ ಅಂಟಿ ಹಾದಿ ಕಟ್ಟುತ್ತವೆ. ಪರಿಹಾರ ಸರಳವಾಗಿತ್ತು: ಗಾಳಿಯ ಪೋರ್ಟುಗಳು ಕಡಿಮೆ, ಗಾತ್ರ ದೊಡ್ಡದು, ಎದುರುಬದುರು ಗೋಡೆಗಳವು ಒಂದರ ಸಂದಿಗೆ ಇನ್ನೊಂದು. ಒಟ್ಟು ಗಾಳಿ ಅಷ್ಟೇ ಇದ್ದರೂ ಅದು ಎಷ್ಟು ಒಳಕ್ಕೆ ನುಗ್ಗುತ್ತದೆ ಎಂಬುದೇ ಮುಖ್ಯವೆಂದು ನಮ್ಮ ಪೀಳಿಗೆ ಕಲಿತದ್ದು ಹೀಗೆ. ಮೂಲೆಗಳಿಂದ ಗಾಳಿ ಸುತ್ತಿಸುವ ಪಂಥವೂ ಒಂದಿತ್ತು. ನನಗದು ಎಂದೂ ಒಪ್ಪಿಗೆಯಾಗಲಿಲ್ಲ.

ಈಗಿನ ಅಬ್ಬರದಲ್ಲಿ ಮರೆತದ್ದು ರಾಡಿಂಗ್, ಅಂದರೆ ಸಲಾಕೆಯಿಂದ ಪೋರ್ಟುಗಳನ್ನು ತೆರವು ಮಾಡುವುದು. ಗಟ್ಟಿಯಾದ ಸ್ಮೆಲ್ಟ್ ಪ್ರೈಮರಿ ಪೋರ್ಟುಗಳ ಬಾಯಿ ಮುಚ್ಚುತ್ತಲೇ ಇರುತ್ತದೆ. ಹರಿವನ್ನು ಕಾಯುವ ಲೂಪ್ ಡ್ಯಾಂಪರ್ ತೆರೆಯುತ್ತದೆ, ಪರದೆಯ ಮೇಲೆ ಗಾಳಿಯ ಅಂಕಿ ಅಲುಗುವುದಿಲ್ಲ. ಆದರೆ ಅಷ್ಟೂ ಗಾಳಿ ಉಳಿದ ಪೋರ್ಟುಗಳಿಂದ ರಭಸವಾಗಿ ಹೋಗಿ ಬೆಡ್ ಒಂದು ಕಡೆ ಕರಗಿ, ಇನ್ನೊಂದು ಕಡೆ ಕಪ್ಪಾಗಿ ಗುಡ್ಡೆಯಾಗುತ್ತದೆ. ಗುಟ್ಟು ಬಿಟ್ಟುಕೊಡುವುದು ಪೋರ್ಟುಗಳಿಗೆ ಗಾಳಿ ಹಂಚುವ ವಿಂಡ್‌ಬಾಕ್ಸ್‌ನ ಒತ್ತಡ: ಡ್ಯಾಂಪರ್ ತೆರೆದರೂ ಹರಿವು ಅಷ್ಟೇ, ಒತ್ತಡ ಮಾತ್ರ ಏರಿದೆ ಎಂದರೆ ಬಾಯಿ ಕಟ್ಟಿದೆ ಎಂದೇ ಅರ್ಥ. ಸ್ವಯಂಚಾಲಿತ ರಾಡಿಂಗ್‌ಗೆ ಹಣ ಕೇಳಿದರೆ ಮುಖ ಗಂಟಿಕ್ಕುವ ಆಡಳಿತಗಳು ಡ್ಯಾಶ್‌ಬೋರ್ಡಿಗೆ ಕೂಡಲೇ ಸಹಿ ಹಾಕುತ್ತವೆ.

ಇನ್ನು ಗಾಳಿ ನಿಯಂತ್ರಣದ ತಾಂತ್ರಿಕ ಸಾಹಿತ್ಯ ಬಹುಪಾಲು ಪೈನ್, ಬರ್ಚ್, ನೀಲಗಿರಿಯ ಲಿಕ್ಕರನ್ನು ನಂಬಿ ಬರೆದದ್ದು. ಆ ಲಿಕ್ಕರನ್ನು ಶೇ. 80 ಘನಾಂಶದವರೆಗೆ ಗಟ್ಟಿ ಮಾಡಬಹುದು. ಆದರೆ ನಮ್ಮ ದಾಂಡೇಲಿಯ ಕಾಗದ ಕಾರ್ಖಾನೆ ಬೆಳೆದದ್ದು ಬಿದಿರಿನ ಮೇಲೆ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಕಬ್ಬಿನ ಸಿಪ್ಪೆಯನ್ನೂ ಬಳಸಿತು. ಬಿದಿರು, ಸಿಪ್ಪೆ ಎರಡರಲ್ಲೂ ಸಿಲಿಕಾ ಹೆಚ್ಚು. ಅಂಥ ಲಿಕ್ಕರ್ ಬೇಗ ಮಂದವಾಗಿ ಎವಾಪರೇಟರಿನಲ್ಲಿ ಪದರ ಕಟ್ಟುತ್ತದೆ, ಹಾಗಾಗಿ ಇನ್ನೂ ತೆಳ್ಳಗಿರುವಾಗಲೇ ಕುಲುಮೆಗೆ ಬರುತ್ತದೆ. ಹನಿ ಒಣಗುವುದು ತಡ, ಬೆಡ್ ತಣ್ಣಗಾಗುವುದು ಬೇಗ. ಇದಕ್ಕೆ ಪ್ರೈಮರಿ ಗಾಳಿ ಎಷ್ಟು ಬಿಸಿಯಿರಬೇಕು, ಸೆಕೆಂಡರಿಗೆ ಎಷ್ಟು ಪಾಲು ಎಂಬುದನ್ನು ನಮ್ಮ ಆಪರೇಟರುಗಳು ಪೀಪ್‌ಹೋಲಿನಲ್ಲಿ ಬೆಡ್‌ನ ಬಣ್ಣ ನೋಡಿ ನಿರ್ಧರಿಸಿದರು. ಅದನ್ನು ಯಾರೂ ಕ್ರಮವಾಗಿ ದಾಖಲಿಸಲಿಲ್ಲ.

ಎಂಪಿಎಂನಲ್ಲಿ ಉತ್ಪಾದನೆ ನಿಂತಿದೆ. ಅಲ್ಲಿಯೂ ದಾಂಡೇಲಿಯಲ್ಲೂ ರಿಕವರಿ ವಿಭಾಗದಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಪಲ್ಪ್ ತಂತ್ರಜ್ಞಾನ ಕಲಿಸುವವರು ಮುಂದಿನ ಪ್ರಾಜೆಕ್ಟ್ ವರ್ಕಿಗೆ ವಿದ್ಯಾರ್ಥಿಗಳನ್ನು ಮೊದಲು ಅವರ ಬಳಿ ಕಳಿಸಲಿ, ಹಳೆಯ ಲಾಗ್‌ಬುಕ್‌ಗಳು ರದ್ದಿಗೆ ಹೋಗುವ ಮುನ್ನ.