ಬಾಂದುಕಲ್ಲು ಮತ್ತು ಬಾಂಧವ್ಯ: ನಮ್ಮ ಸೀಮೆಯ ಭೂವ್ಯಾಜ್ಯಗಳೂ ಊರ ಹಿರಿಯರ ಪಂಚಾಯಿತಿಯೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ರಾಯಚೂರು ದೋಆಬ್ ಪ್ರದೇಶಕ್ಕಾಗಿ ಅರಸರು ಕಾದಾಡಿದ ಸಂಗತಿಯನ್ನು ನಾವೆಲ್ಲರೂ ಶಾಲೆಯ ಪಾಠಗಳಲ್ಲಿ ಓದಿದ್ದೇವೆ. ವಿಜಯನಗರದವರೂ ಬಹಮನಿ ಸುಲ್ತಾನರೂ ಅವರ ತರುವಾಯ ಬಿಜಾಪುರದ ಆದಿಲಶಾಹಿಗಳೂ ಈ ಎರೆಮಣ್ಣಿಗಾಗಿ ತಲೆಮಾರುಗಳ ಕಾಲ ರಕ್ತ ಹರಿಸಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿದ್ದು ಇದೇ ನೆಲದಲ್ಲಿ. ಆ ಅರಸರೂ ಅವರ ಸೈನ್ಯಗಳೂ ಇಂದು ಇಲ್ಲ. ಆದರೆ ಒಂದು ಬದುವಿಗಾಗಿ, ಒಂದು ಬೇವಿನ ಮರಕ್ಕಾಗಿ, ಬಂಡಿ ಹೋಗುವ ದಾರಿಗಾಗಿ ಒಡಹುಟ್ಟಿದವರೇ ಮುಖ ನೋಡದೆ ಬಾಳುವ ಕಷ್ಟ ಮಾತ್ರ ಬಳಗಾನೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿಯೂ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಉಳಿದೆಡೆಗಳಲ್ಲಿಯೂ ಇನ್ನೂ ಉಳಿದಿದೆ.

ನಮ್ಮ ದೇವಾಲಯದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಕಟ್ಟಡದ ಚರಿತ್ರೆಯನ್ನೂ ಸೇವೆ ಸಲ್ಲಿಸಿದ ಗುರುಗಳ ನೆನಪನ್ನೂ ಇತರರು ಬರೆಯುತ್ತಾರೆ. ಭಕ್ತಾದಿಗಳ ಬದುಕಿಗೆ ಆಧಾರವಾದ ನೆಲದ ಚರಿತ್ರೆಯನ್ನೂ, ಆ ನೆಲದ ಜಗಳಗಳನ್ನು ಊರು ಹೇಗೆ ತೀರಿಸಿಕೊಂಡಿತೆಂಬುದನ್ನೂ ನಾಲ್ಕು ಮಾತುಗಳಲ್ಲಿ ನಿವೇದಿಸುವುದು ಉಚಿತವೆಂದು ನಮಗೆ ತೋರಿತು.

ಪೂರ್ವಿಕರ ಪದ್ಧತಿ

ಗಡಿಯ ವ್ಯಾಜ್ಯವನ್ನು ನೆರೆಹೊರೆಯವರೇ ಬಗೆಹರಿಸಬೇಕೆಂಬ ವಿಚಾರ ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವು ಭಾರತದ ಬಹುಭಾಗಕ್ಕೆ ಆಸ್ತಿಯ ಕಾನೂನಾಯಿತು. ಸೀಮಾವಿವಾದಕ್ಕೆಂದೇ ಅದರಲ್ಲಿ ಒಂದು ಪ್ರಕರಣವಿದೆ. ಸುತ್ತಲಿನ ಹೊಲದವರು, ವೃದ್ಧರು, ದನಗಾಹಿಗಳು, ಉಳುವವರು, ಕಾಡಿನಲ್ಲಿ ತಿರುಗುವವರು ಗಡಿಯನ್ನು ತೋರಿಸಬೇಕು. ನಿಶ್ಚಯವಾಗದಿದ್ದರೆ ನೆರೆಯ ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ಕೆಂಪು ಹೂಮಾಲೆ, ಕೆಂಪು ವಸ್ತ್ರ ಧರಿಸಿ, ತಲೆಯ ಮೇಲೆ ಮಣ್ಣು ಹೊತ್ತು ಗಡಿಯನ್ನು ನಡೆದು ತೋರಿಸಬೇಕು. ಸುಳ್ಳು ತೋರಿದವರಿಗೆ ದಂಡ. ವಿದ್ವಾಂಸರ ಸಾಕ್ಷ್ಯದೊಡನೆ ದನಗಾಹಿಯ ಸಾಕ್ಷ್ಯಕ್ಕೂ ಇಲ್ಲಿ ಬೆಲೆಯಿತ್ತೆಂಬುದನ್ನು ಗಮನಿಸಬೇಕು. ಹೊಲದ ಅಂಚಿನಲ್ಲಿ ದಿನ ಕಳೆಯುವವನಿಗೆ ಗಡಿ ತಿಳಿದಿರುತ್ತದೆ.

ಮನುಸ್ಮೃತಿಯು ಇನ್ನೊಂದು ಜಾಣತನವನ್ನು ಹೇಳುತ್ತದೆ. ಮೇಲೆ ಕಾಣುವ ಮರ, ಹುತ್ತ, ಕೆರೆಗಳಲ್ಲದೆ ನೆಲದೊಳಗೆ ಇದ್ದಿಲು, ಬೂದಿ, ಹೊಟ್ಟು, ಬೋಕಿ, ಎಲುಬುಗಳನ್ನು ಗುಪ್ತ ಗುರುತಾಗಿ ಹೂಳಬೇಕು. ಗುರುತುಗಳು ಸ್ಪಷ್ಟವಾಗಿ ಕಾಣುವ ಜ್ಯೇಷ್ಠ ಮಾಸದಲ್ಲಿ ಗಡಿಯನ್ನು ನಿರ್ಣಯಿಸಬೇಕು. ಬೇಸಿಗೆಯಲ್ಲಿ ಎರೆಭೂಮಿ ಬಿರುಕುಬಿಟ್ಟು ಬತ್ತಲೆಯಾದಾಗ ನಿಜ ಹೊರಬರುವುದೆಂಬುದನ್ನು ನಮ್ಮ ಒಕ್ಕಲಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡ ನಾಡಿನ ದತ್ತಿಭೂಮಿಗಳ ಅಂಚಿನಲ್ಲಿ ವಾಮನಮುದ್ರೆ, ಲಿಂಗಮುದ್ರೆ, ಮುಕ್ಕೊಡೆಯ ಕಲ್ಲುಗಳು ಇಂದಿಗೂ ನಿಂತಿವೆ. ಶಾಸನಗಳ ಕೊನೆಯಲ್ಲಿ ಭೂಮಿಯನ್ನು ಅಪಹರಿಸಿದವನಿಗೆ ಶಾಪವಿದೆ. ಪವಿತ್ರ ಗ್ರಂಥದ ಧರ್ಮೋಪದೇಶಕಾಂಡದಲ್ಲಿಯೂ ನೆರೆಯವನ ಮೇರೆಯ ಕಲ್ಲನ್ನು ಕದಲಿಸುವವನಿಗೆ ಶಾಪವಿರುವುದನ್ನು ನಮ್ಮ ಓದುಗರು ಬಲ್ಲರು.

ನಮ್ಮ ಸಮೀಪದ ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಹೆಸರುಳ್ಳ ಶಾಸನವು 1915ರಲ್ಲಿ ಬೆಳಕಿಗೆ ಬಂದಿತು. ಧರ್ಮದಲ್ಲಿ ನಡೆದರೆ ದೊಡ್ಡವನಂತೆಯೇ ಚಿಕ್ಕವನೂ ಉನ್ನತಿಯನ್ನು ಪಡೆಯಬಲ್ಲನೆಂಬುದು ಅದರ ಆಶಯ. ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತವರು ಆ ಬಂಡೆಯನ್ನು ಆಗಾಗ ನೆನೆದಿದ್ದರೆ ಎಷ್ಟೋ ಅನ್ಯಾಯ ತಪ್ಪುತ್ತಿತ್ತು.

ನಿಜಾಮರ ಆಳಿಕೆ

1800ರಲ್ಲಿ ನದಿಯಾಚೆಯ ಬಳ್ಳಾರಿ ಸೀಮೆ ಇಂಗ್ಲಿಷರ ಪಾಲಾಯಿತು. ಅಲ್ಲಿ ಕಲೆಕ್ಟರರಾಗಿದ್ದ ಥಾಮಸ್ ಮನ್ರೋ ಅವರ ಪ್ರಯತ್ನದಿಂದ 1816ರಲ್ಲಿ ಮದ್ರಾಸ್ ಸರಕಾರವು ಗ್ರಾಮದ ಮುಖ್ಯಸ್ಥರಿಗೂ ಪಂಚಾಯಿತಿಗಳಿಗೂ ಚಿಕ್ಕ ವ್ಯಾಜ್ಯಗಳನ್ನು ವಿಚಾರಿಸುವ ಅಧಿಕಾರ ಕೊಟ್ಟಿತು. ನದಿಯೀಚೆಯ ನಮ್ಮ ಸೀಮೆ ನಿಜಾಮರದಾಗಿಯೇ ಉಳಿಯಿತು. 1853ರಿಂದ 1860ರವರೆಗೆ ಮಾತ್ರ ದೋಆಬ್ ಇಂಗ್ಲಿಷರ ಆಡಳಿತಕ್ಕೆ ಹೋಗಿ ಮರಳಿ ಬಂದಿತು. ಲಿಂಗಸುಗೂರು ಒಂದು ಕಾಲದಲ್ಲಿ ಜಿಲ್ಲೆಯೇ ಆಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ವಿಸರ್ಜಿಸಲಾಯಿತು. ಅದೇ ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕಥೋಲಿಕ ಸಮುದಾಯವೊಂದು ಬಾಳಿಬಂದಿದೆಯೆಂಬುದು ನಮಗೆ ಹೆಮ್ಮೆಯ ವಿಷಯ.

ಆ ಕಾಲದ ನೆಲದಲ್ಲಿ ಸರಕಾರದ ಖಾಲ್ಸಾ ಭೂಮಿ, ನಿಜಾಮರ ಸ್ವಂತದ ಸರ್ಫೇಖಾಸ್, ಜಾಗೀರು, ಇನಾಮು, ಸಂಸ್ಥಾನ ಎಂದು ಹಲವು ಬಗೆಗಳಿದ್ದವು. 1884ರಿಂದೀಚೆಗೆ ಆಡಳಿತದ ಭಾಷೆ ಉರ್ದು. ಒಕ್ಕಲಿಗನ ಹೊಲದ ಹಕ್ಕು ಅವನು ಓದಲಾರದ ಲಿಪಿಯಲ್ಲಿ ಬರೆದಿಡಲ್ಪಟ್ಟಿತು. ಕಾಗದ ಏನು ಹೇಳುತ್ತದೆಯೆಂಬುದಕ್ಕೆ ಮಾಲಿಪಟೇಲ, ಪೊಲೀಸ್ ಪಟೇಲ, ಕುಲಕರ್ಣಿ ಇವರ ಮಾತೇ ಪ್ರಮಾಣ. ಆದುದರಿಂದ ಬಡವನು ಕಚೇರಿಗೆ ಹೋಗುವುದಕ್ಕಿಂತ ಊರ ‘ದೈವ’ವನ್ನು ಕೂಡಿಸುವುದನ್ನೇ ಮೇಲೆಂದು ಬಗೆದನು. ಉತ್ತರದ ನಮ್ಮ ಜಿಲ್ಲೆಗಳಲ್ಲಿ ಕೂಡಿದ ಹಿರಿಯರಿಗೆ ದೈವವೆಂದೇ ಹೆಸರು. ಪಂಚರ ಮಾತಿನಲ್ಲಿ ದೇವರ ಮಾತು ಕೇಳಬೇಕೆಂಬ ನಿರೀಕ್ಷೆ ಆ ಶಬ್ದದಲ್ಲಿಯೇ ಅಡಗಿದೆ.

ಸ್ವಾತಂತ್ರ್ಯಾನಂತರ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1950ರ ಗೇಣಿ ಕಾಯಿದೆಯು ರಕ್ಷಿತ ಗೇಣಿದಾರರೆಂಬ ವರ್ಗವನ್ನು ಗುರುತಿಸಿತು. ಅಂದಿನ ನಮ್ಮದೇ ಹೈದರಾಬಾದು ರಾಜ್ಯದ ಪೋಚಂಪಲ್ಲಿಯಲ್ಲಿ 1951ರ ಏಪ್ರಿಲ್ 18ರಂದು ಆಚಾರ್ಯ ವಿನೋಬಾ ಭಾವೆಯವರ ಮುಂದೆ ಹರಿಜನರು ಎಂಬತ್ತು ಎಕರೆ ಭೂಮಿಯನ್ನು ಬೇಡಿದರು. ವೇದಿರೆ ರಾಮಚಂದ್ರ ರೆಡ್ಡಿಯವರು ನೂರು ಎಕರೆ ಕೊಟ್ಟರು. ಭೂದಾನ ಚಳುವಳಿ ಹೀಗೆ ಊರಿನ ಒಂದು ಸಭೆಯಲ್ಲಿ ಹುಟ್ಟಿತು.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಿಗೆ ಹರಿಯಿತು. ಎಡದಂಡೆಯ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರು. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಅವರ ಶ್ರಮವನ್ನು ನಾವು ಮೆಚ್ಚುತ್ತೇವೆ. ಆದರೆ ಹಿಂದೆ ಯಾರೂ ಕೇಳದಿದ್ದ ಹೊಲಕ್ಕೆ ಬೆಲೆ ಬಂದೊಡನೆ ಹಳೆಯ ಬಾಯಿಮಾತಿನ ಪಾಲುಗಳೆಲ್ಲ ಪ್ರಶ್ನೆಗೊಳಗಾದವು. ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ನೀರು ಹಿಡಿದರೆ ಕೊನೆಯ ಭಾಗದವರ ಹೊಲ ಒಣಗಿತು. ನೆಲದ ಜಗಳದೊಡನೆ ನೀರಿನ ಜಗಳವೂ ಸೇರಿತು. ಇದೇ ಕಾಲದಲ್ಲಿ, 1963ರಲ್ಲಿ, ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ದಬ್ಬಾಳಿಕೆಯೊಂದು ಹೋಯಿತು, ಒಳ್ಳೆಯದೇ. ಆದರೆ ಯಾವ ಬಾಂದು ಎಲ್ಲಿದೆಯೆಂಬ ನೆನಪೂ ಅವರೊಡನೆ ಹೋಯಿತು.

ಬಳಿಕ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿಯ ಭೂಮಿಗಳೆಲ್ಲ ಸರಕಾರದಲ್ಲಿ ನಿಹಿತವಾದವು. ಶ್ರೀ ದೇವರಾಜ ಅರಸು ಅವರು ಆಗ ಮುಖ್ಯಮಂತ್ರಿಗಳು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದರು. ಅದನ್ನು ವಿಚಾರಿಸಿದ ಭೂನ್ಯಾಯಮಂಡಲಿಯಲ್ಲಿ ಅಧ್ಯಕ್ಷರು ಸರಕಾರಿ ಅಧಿಕಾರಿ. ಉಳಿದ ನಾಲ್ವರು ಸರಕಾರದಿಂದ ನೇಮಕಗೊಂಡ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕೆಂದು ನಿಯಮ. ಊರಿನವರ ತಿಳುವಳಿಕೆಗೆ ಕಾನೂನಿನ ಬಲ ಕೊಟ್ಟ ಪ್ರಯೋಗವದು. ದಕ್ಷಿಣ ಕನ್ನಡದಲ್ಲಿ ಬಹುಸಂಖ್ಯೆಯ ಗೇಣಿದಾರರು, ನಮ್ಮ ಧರ್ಮಬಾಂಧವರೂ ಸಹ, ಇದರಿಂದ ಭೂಮಾಲೀಕರಾದರು. ನಮ್ಮ ಕಡೆ ಗೇಣಿಯ ಕಾಗದವೇ ಇಲ್ಲದೆ ಪಾಲಿಗೆ ದುಡಿದವರಿಗೆ ಅರ್ಜಿಯನ್ನು ರುಜುವಾತುಪಡಿಸುವುದು ಸುಲಭವಾಗಿರಲಿಲ್ಲ.

ಕಟ್ಟೆಯ ಗುಣ, ಕಟ್ಟೆಯ ದೋಷ

ಊರ ಪಂಚಾಯಿತಿಯನ್ನು ಬರಿದೆ ಹೊಗಳಿ ಮುಗಿಸಿದರೆ ಸತ್ಯಕ್ಕೆ ಅಪಚಾರವಾದೀತು. ಖರ್ಚಿಲ್ಲದೆ, ಊರಿನಲ್ಲಿಯೇ, ತಿಳಿದ ಭಾಷೆಯಲ್ಲಿ ನ್ಯಾಯ ಸಿಗುವುದು ಅದರ ಗುಣ. ತೀರ್ಪಿನ ಮರುದಿನವೂ ಇಬ್ಬರೂ ಒಂದೇ ಬಾವಿಯ ನೀರು ಕುಡಿಯಬೇಕೆಂಬುದನ್ನು ಪಂಚರು ಮರೆಯುವುದಿಲ್ಲ. ಆದರೆ ಆ ಕಟ್ಟೆಯ ಮೇಲೆ ದಲಿತನಿಗೆ ಬಹುಕಾಲ ಸ್ಥಳವಿರಲಿಲ್ಲ; ಕೆಳಗೆ ನಿಂತು ತೀರ್ಪು ಕೇಳಬೇಕಾಗಿತ್ತು. ಸರಕಾರ ಮಂಜೂರು ಮಾಡಿದ ದಲಿತರ ಭೂಮಿ ಸಾಲದ ಹೆಸರಿನಲ್ಲಿ ಕೈಬಿಟ್ಟು ಹೋಗುವುದನ್ನು ತಡೆಯಲು 1978ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಇನ್ನು ಹೆಣ್ಣುಮಕ್ಕಳಿಗೆ ಕಟ್ಟೆಯ ಮೇಲೂ ಕೆಳಗೂ ಮಾತಿರಲಿಲ್ಲ.

ಈ ಕೊನೆಯ ದೋಷದಲ್ಲಿ ನಾವೂ ಭಾಗಿಗಳೆಂದು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ ತಂದೆಯ ಹೊಲದ ಬದುವಿಗಾಗಿ ಇಬ್ಬರು ಅಣ್ಣತಮ್ಮಂದಿರು ಐದು ವರ್ಷ ಮಾತು ಬಿಟ್ಟಿದ್ದರು. ತಪಸ್ಸುಕಾಲದಲ್ಲಿ ನಾವು ಉಪದೇಶಿಗಳನ್ನೂ ಊರಿನ ಹಿರಿಯರನ್ನೂ, ಅವರಲ್ಲಿ ಅನ್ಯಧರ್ಮದ ಇಬ್ಬರು ಸಜ್ಜನರನ್ನೂ, ಕೂಡಿಸಿದೆವು. ಹಗ್ಗ ಹಿಡಿದು ಅಳೆದೆವು. ಬಾಂದುಕಲ್ಲು ನೆಟ್ಟೆವು. ಪಾಸ್ಕ ಹಬ್ಬದಂದು ಇಬ್ಬರೂ ಒಟ್ಟಿಗೆ ಬಲಿಪೂಜೆಗೆ ಬಂದರು. ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ.

ವಾರ ಕಳೆದ ಮೇಲೆ ಅವರ ಅಕ್ಕ, ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದವಳು, ಗುರುನಿವಾಸದ ಬಾಗಿಲಿಗೆ ಬಂದು ನಿಂತಳು. “ಫಾದರ್, ತಮ್ಮಂದಿರನ್ನ ಕೂಡಿಸಿದ್ರಿ, ಛಲೋ ಆತು. ನಮ್ಮಪ್ಪಗ ನಾನೂ ಮಗಳು ಅಲ್ಲೇನ್ರಿ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಹತ್ತು ಜನ ಹಿರಿಯರು ಕುಳಿತಿದ್ದೆವು. ಅವಳನ್ನು ಕರೆಯಬೇಕೆಂದು ಒಬ್ಬರಿಗೂ ತೋಚಿರಲಿಲ್ಲ. ಗುರುಮಠದಲ್ಲಿ ನೀತಿಶಾಸ್ತ್ರವನ್ನು ವರ್ಷಗಟ್ಟಲೆ ಓದಿದ್ದ ನಮಗೂ ತೋಚಿರಲಿಲ್ಲ. ಮರಳಿ ಸಭೆ ಕೂಡಿಸಿದೆವು. ತಮ್ಮಂದಿರು ಮೊದಲು ಮುನಿದರು, ಕೊನೆಗೆ ಎರಡು ಎಕರೆ ಬಿಟ್ಟುಕೊಟ್ಟರು. ಕಾನೂನಿನಂತೆ ಅವಳಿಗೆ ಸಲ್ಲಬೇಕಾದುದು ಅದಕ್ಕಿಂತ ಹೆಚ್ಚು. ಅವಳು ಅಷ್ಟಕ್ಕೇ ಒಪ್ಪಿದಳು. ಅದು ಅವಳ ಔದಾರ್ಯವೇ ಹೊರತು ನಮ್ಮ ನ್ಯಾಯವಲ್ಲ.

ಕ್ರೈಸ್ತರ ಉತ್ತರಾಧಿಕಾರವು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಗೆ ಒಳಪಟ್ಟಿದೆ. ಉಯಿಲಿಲ್ಲದೆ ತೀರಿಕೊಂಡವನ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗ. ಉಳಿದುದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಸಮಪಾಲು. ಕೇರಳದ ಶ್ರೀಮತಿ ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಇದೇ ನಿಯಮವನ್ನು ಹಳೆಯ ತಿರುವಾಂಕೂರಿನ ಕ್ರೈಸ್ತರಿಗೂ ಅನ್ವಯಿಸಿತು. ನೆರೆಯ ಹಿಂದೂ ಕುಟುಂಬಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕು ಬಂದುದು 1994ರ ಕರ್ನಾಟಕದ ತಿದ್ದುಪಡಿಯಿಂದಲೂ 2005ರ ಕೇಂದ್ರದ ತಿದ್ದುಪಡಿಯಿಂದಲೂ. ನಮಗೆ ಬಹು ಮೊದಲೇ ಕಾನೂನಿತ್ತು. ನಾವು ಅದನ್ನು ಪಾಲಿಸಿದೆವೆ ಎಂದು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಲಿ.

ಮುಂದಿನ ದಾರಿ

ಆಸ್ತಿಯನ್ನು ಪಾಲುಮಾಡಿಸಿಕೊಡೆಂದು ಕೇಳಿದವನಿಗೆ ಯೇಸುಸ್ವಾಮಿಯು ತಾನು ಪಾಲುಗಾರನಲ್ಲವೆಂದು ತಿಳಿಸಿ ಲೋಭದ ವಿಷಯದಲ್ಲಿ ಎಚ್ಚರಿಸಿದರು. ಸಂತ ಪೌಲರಾದರೋ ಸಹೋದರರ ನಡುವಣ ವ್ಯಾಜ್ಯವನ್ನು ತೀರಿಸಬಲ್ಲ ವಿವೇಕಿ ನಿಮ್ಮಲ್ಲಿ ಒಬ್ಬನೂ ಇಲ್ಲವೆ ಎಂದು ಕೊರಿಂಥದವರನ್ನು ನಾಚಿಸಿದರು. ಎರಡನ್ನೂ ಕೂಡಿಸಿ ಓದಿದರೆ, ಗುರುವು ನ್ಯಾಯಾಧೀಶನಾಗಬಾರದು, ಆದರೆ ಸಮುದಾಯ ಸುಮ್ಮನೆ ಕುಳಿತಿರಲೂ ಬಾರದೆಂದು ನಾವು ತಿಳಿಯುತ್ತೇವೆ. ನಾಬೋತನ ದ್ರಾಕ್ಷಿತೋಟವನ್ನು ಅರಸನು ಕಸಿದಾಗ ಊರ ಹಿರಿಯರೇ ಸುಳ್ಳುಸಾಕ್ಷಿಗಳನ್ನು ಕೂರಿಸಿದರು. ಹಿರಿಯರು ಕೂಡಿದ ಮಾತ್ರಕ್ಕೆ ನ್ಯಾಯವಾಗುವುದಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಆದುದರಿಂದ ನಮ್ಮ ಅನುಭವದಿಂದ ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ. ಮೊದಲನೆಯದಾಗಿ, ಸಭೆ ಕೂಡುವ ಮುನ್ನ ವಾರಸುದಾರರೆಲ್ಲರ ಹೆಸರನ್ನು ಬರೆಯಿರಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರೆಯಿರಿ. ಎರಡನೆಯದಾಗಿ, ಪಹಣಿಯನ್ನೂ, ಬೇಕಾದರೆ 1954-55ರ ಖಾಸ್ರಾ ಪಹಣಿಯನ್ನೂ ತೆಗೆಸಿ, ಉರ್ದು ಬಲ್ಲವರಿಂದ ಓದಿಸಿ. ಈಗ ಭೂಮಿ ಯೋಜನೆಯಿಂದ ಪಹಣಿ ಗಣಕಯಂತ್ರದಲ್ಲಿ ದೊರೆಯುತ್ತದೆ. ಆದರೆ ಯಂತ್ರವು ಬರೆದುದನ್ನು ಮಾತ್ರ ತೋರಿಸುತ್ತದೆ, ಬರೆಯದೆ ಬಿಟ್ಟ ಅಕ್ಕನ ಹೆಸರನ್ನು ತೋರಿಸದು. ಮೂರನೆಯದಾಗಿ, ಅಳತೆಯನ್ನು ಸರಕಾರಿ ಭೂಮಾಪಕರಿಂದ ಮಾಡಿಸಿ, ನೆರೆಹೊಲದವರ ಎದುರಿನಲ್ಲಿ ಕಲ್ಲು ನೆಡಿಸಿ.

ನಾಲ್ಕನೆಯದಾಗಿ, ಒಪ್ಪಂದವನ್ನು ಬಿಳಿಯ ಹಾಳೆಯ ಮೇಲೆ ಬರೆದು ಪೆಟ್ಟಿಗೆಯಲ್ಲಿಡಬೇಡಿರಿ. 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸದ ವಿಭಾಗಪತ್ರವನ್ನು ನ್ಯಾಯಾಲಯವು ಹಕ್ಕಿನ ಆಧಾರವಾಗಿ ಒಪ್ಪದು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿರಲಿ, ಹೋಗದಿರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನ ಮುಂದೆ ಇಡಬಹುದು. 1987ರ ಕಾಯಿದೆಯಿಂದ ಸ್ಥಾಪಿತವಾದ ಈ ವ್ಯವಸ್ಥೆಯಲ್ಲಿ ಶುಲ್ಕವಿಲ್ಲ. ಇಬ್ಬರೂ ಒಪ್ಪಿದ ತೀರ್ಮಾನಕ್ಕೆ ಸಿವಿಲ್ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಅಪೀಲಿಲ್ಲದ ಕಾರಣದಿಂದಲೇ ಪೂರ್ಣವಾಗಿ ತಿಳಿದ ಮೇಲೆ ಸಹಿ ಮಾಡಬೇಕು. ಯಾರಾದರೂ ಅಂಜಿ ಒಪ್ಪುತ್ತಿರುವಂತೆ ಕಂಡರೆ ಹಿರಿಯರು ಸಭೆಯನ್ನು ಮುಂದೂಡಲಿ. ಅಂಥವರು ನೇರವಾಗಿ ನ್ಯಾಯಾಲಯಕ್ಕೆ ಹೋಗುವುದೇ ಮೇಲಾದರೆ ಅವರನ್ನು ಸಮುದಾಯವು ದ್ರೋಹಿಗಳೆಂದು ಕಾಣಬಾರದು.

ಪ್ರಿಯ ಭಕ್ತಾದಿಗಳೇ, ದನಗಾಹಿಗಳ ಜಗಳ ಹೆಚ್ಚಿದಾಗ ಹಿರಿಯನಾದ ಅಬ್ರಹಾಮನು ಕಿರಿಯನಾದ ಲೋಟನಿಗೆ ನೆಲವನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಕೊಟ್ಟನು. ಹಕ್ಕುಳ್ಳವನು ತಾನಾಗಿ ಬಿಟ್ಟುಕೊಟ್ಟ ಉದಾಹರಣೆಯದು. ನಮ್ಮ ದೇವಾಲಯದ ಎರಡನೆಯ ಶತಮಾನವು ಆರಂಭವಾಗುವ ಈ ಶುಭಸಂದರ್ಭದಲ್ಲಿ ಪ್ರತಿಯೊಂದು ಮನೆಯೂ ತನ್ನ ಪಹಣಿಯನ್ನು ಒಮ್ಮೆ ತೆಗೆದು ನೋಡಲಿ. ಅದರಲ್ಲಿ ಇರಬೇಕಾದ ಹೆಸರೊಂದು ಬಿಟ್ಟುಹೋಗಿದ್ದರೆ ಬರುವ ಜ್ಯೇಷ್ಠದೊಳಗೆ, ಮಳೆ ಬಿದ್ದು ನೆಲ ಮುಚ್ಚುವ ಮುನ್ನ, ಅದನ್ನು ಸೇರಿಸಲಿ. ಶತಮಾನೋತ್ಸವದ ಬಲಿಪೂಜೆಗೆ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಒಂದೇ ಸಾಲಿನಲ್ಲಿ ಬಂದು ನಿಲ್ಲುವಂತೆ ದೇವರು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.