ಜೆಕ್ ನಾಡಿನ ವಿರಳ ಕುಲನಾಮಗಳು: ಮೂಲ, ಎಣಿಕೆ ಮತ್ತು ಅಧ್ಯಯನದ ಹಾದಿ

ಜೆಕ್ ಗಣರಾಜ್ಯದಲ್ಲಿ ಅತಿ ಹೆಚ್ಚು ಜನರಿಗಿರುವ ಕುಲನಾಮ ನೊವಾಕ್. ಗಂಡಸರ ನೊವಾಕ್, ಹೆಂಗಸರ ನೊವಾಕೋವಾ ಎರಡನ್ನೂ ಕೂಡಿಸಿದರೆ ಸುಮಾರು 70 ಸಾವಿರ ಮಂದಿ. ಅದರ ಹಿಂದೆಯೇ ಸ್ವೊಬೊಡಾ, ನೊವೊಟ್ನಿ, ಡ್ವೊರ್ಜಾಕ್ ಮೊದಲಾದವು ಬರುತ್ತವೆ. ಪಟ್ಟಿಯ ಇನ್ನೊಂದು ತುದಿಯಲ್ಲಿ ನೂರು, ಐವತ್ತು, ಹತ್ತು ಜನರಿಗಷ್ಟೇ ಇರುವ, ಕೆಲವೊಮ್ಮೆ ಒಂದೇ ಮನೆಯಲ್ಲಿ ಉಳಿದಿರುವ ಹೆಸರುಗಳ ದೊಡ್ಡ ರಾಶಿ ಇದೆ. ಅಂಥದೊಂದು ಹೆಸರು ಎಲ್ಲಿಂದ ಬಂತು, ಏಕೆ ಇಷ್ಟು ಕಡಿಮೆ ಜನರಲ್ಲಿ ನಿಂತಿತು ಎಂದು ಹುಡುಕುವ ಬಗೆ ಕಳೆದ ಎರಡು ಶತಮಾನಗಳಲ್ಲಿ ಬಹಳ ಬದಲಾಗಿದೆ. ಮೊದಲಿನ ವಿದ್ವಾಂಸರು ಹೆಸರಿನ ಅರ್ಥದ ಬೆನ್ನು ಹತ್ತಿದರು. ನಂತರದವರು ಅದು ಯಾವ ಊರಿನ ಯಾವ ದಫ್ತರದಲ್ಲಿ, ಯಾವ ಕಾಗುಣಿತದಲ್ಲಿ ಮೊದಲು ಕಾಣಿಸಿತು ಎಂದು ಕೇಳತೊಡಗಿದರು. ವಿರಳ ಹೆಸರುಗಳ ಮಟ್ಟಿಗೆ ಹೆಚ್ಚು ಫಲ ಕೊಟ್ಟಿರುವುದು ಈ ಎರಡನೆಯ ಪ್ರಶ್ನೆಯೇ.

ಬೊಹೆಮಿಯಾ ಮತ್ತು ಮೊರಾವಿಯಾಗಳಲ್ಲಿ ಮಧ್ಯಯುಗದ ಮನುಷ್ಯನಿಗೆ ಒಂದೇ ಹೆಸರು ಸಾಕಾಗುತ್ತಿತ್ತು. ಊರು ಬೆಳೆದು, ಒಂದೇ ಬೀದಿಯಲ್ಲಿ ನಾಲ್ವರು ಯಾನ್‌ಗಳಾದಾಗ ಕಸುಬು, ಮೈಬಣ್ಣ, ಬಂದ ಊರು, ಸ್ವಭಾವ ಹಿಡಿದು ಎರಡನೆಯ ಹೆಸರು ಸೇರಿಕೊಂಡಿತು. ಜೆಕ್ ವಿದ್ವಾಂಸರು ಈ ಹಂತದ ಅಡ್ಡಹೆಸರನ್ನು ‘ಪ್ರ್ಷಿಯ್ಮೀ’ ಎಂದೂ, ತಂದೆಯಿಂದ ಮಕ್ಕಳಿಗೆ ದಾಟುವ ಕುಲನಾಮವನ್ನು ‘ಪ್ರ್ಷಿಯ್‌ಮೆನೀ’ ಎಂದೂ ಬೇರ್ಪಡಿಸುತ್ತಾರೆ. ಮೊದಲಿನದು ಆ ವ್ಯಕ್ತಿಯೊಂದಿಗೇ ಮುಗಿಯಬಹುದಿತ್ತು, ಬದುಕಿನ ನಡುವೆ ಬದಲಾಗಲೂಬಹುದಿತ್ತು. ಶ್ರೀಮಂತ ಮನೆತನಗಳಲ್ಲೂ ಪಟ್ಟಣಗಳಲ್ಲೂ ಹೆಸರು ಬೇಗ ನೆಲೆಗೊಂಡರೆ, ಜೀತದ ರೈತರಲ್ಲಿ ಅದು 18ನೇ ಶತಮಾನದವರೆಗೂ ಸಡಿಲವಾಗಿಯೇ ಇತ್ತು.

ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿದ ಮೇಲೆ ತಯಾರಾದ ಪಟ್ಟಿಗಳು ಈ ಕ್ಷೇತ್ರದ ಮೂಲ ಆಕರಗಳು. ಬೊಹೆಮಿಯಾದಲ್ಲಿ 1651ರ ಧರ್ಮವಾರು ಪ್ರಜೆಗಳ ಪಟ್ಟಿ, 1654ರ ‘ಬೆರ್ನಿ ರುಲಾ’ ಎಂಬ ಕಂದಾಯ ಪಟ್ಟಿ. ಮೊರಾವಿಯಾದಲ್ಲಿ ತುಸು ನಂತರದ ಭೂಕಂದಾಯದ ದಾಖಲೆಗಳು. 1651ರ ಪಟ್ಟಿಯಲ್ಲಿ ಹೆಂಗಸರು ಮಕ್ಕಳು ವಯಸ್ಸಿನ ಸಮೇತ ಇದ್ದಾರೆ. ಬೆರ್ನಿ ರುಲಾದಲ್ಲಿ ಜಮೀನಿನ ಯಜಮಾನ ಮಾತ್ರ. ಯುದ್ಧದಿಂದ ಪಾಳುಬಿದ್ದ ಹೊಲಮನೆಗಳಿಗೆ ಹೊಸಬರು ಬಂದು ನೆಲೆಸಿದ್ದರ ಗುರುತು ಇವುಗಳಲ್ಲಿ ಸಿಗುತ್ತದೆ. ‘ಹೊಸಬ’ ಎಂಬ ಅರ್ಥದ ನೊವಾಕ್ ಆ ಮೊದಲೂ ಇತ್ತು. ಆದರೆ ಪ್ರತಿ ಊರಿಗೂ ಒಬ್ಬ ಹೊಸಬ ಬರುವ ಕಾಲದಲ್ಲಿ ಅಂಥ ಹೆಸರು ನೂರಾರು ಕಡೆ ಬೇರೆಬೇರೆಯಾಗಿ ಹುಟ್ಟುವುದು ಸಹಜ. ವಿರಳ ಹೆಸರಿನ ಕತೆ ಇದಕ್ಕೆ ತೀರಾ ಭಿನ್ನ. ಅದು ಸಾಮಾನ್ಯವಾಗಿ ಒಂದೇ ಊರಿನಲ್ಲಿ, ಒಂದೇ ಸಲ ಹುಟ್ಟಿದ್ದು.

ಹಳ್ಳಿಗಾಡಿನಲ್ಲಿ ಹೆಸರು ಮನುಷ್ಯನಿಗಿಂತ ಮನೆಗೆ ಅಂಟಿಕೊಂಡಿತ್ತು. ಯಜಮಾನ ಸತ್ತ ಮೇಲೆ ಅವನ ವಿಧವೆಯನ್ನೋ, ಗಂಡುಮಕ್ಕಳಿಲ್ಲದ ಮನೆಯ ಮಗಳನ್ನೋ ಮದುವೆಯಾಗಿ ಬಂದವನಿಗೆ ಆ ಹೊಲಮನೆಯ ಹೆಸರೇ ಬೀಳುತ್ತಿತ್ತು. ‘ಪೊ ಖಲುಪ್ಯೆ’, ಅಂದರೆ ‘ಮನೆಯಿಂದ ಬಂದದ್ದು’, ಎಂದು ಈ ಪದ್ಧತಿಗೆ ಹೆಸರು. ಇದರ ಪರಿಣಾಮ ಇಗರ್ಜಿಯ ದಫ್ತರದಲ್ಲಿ ಎದ್ದು ಕಾಣುತ್ತದೆ: ಮದುವೆಯ ದಾಖಲೆಯಲ್ಲಿ ಒಂದು ಹೆಸರು, ಮೊದಲ ಮಗುವಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಇನ್ನೊಂದು, ಸಾವಿನ ದಾಖಲೆಯಲ್ಲಿ ಎರಡೂ, ನಡುವೆ ‘ಯಿನಕ್’ ಎಂಬ ಜೆಕ್ ಪದ ಅಥವಾ ‘ವುಲ್ಗೊ’, ‘ಅಲಿಯಾಸ್’ ಎಂಬ ಲ್ಯಾಟಿನ್ ಪದ. ಒಂದೇ ತಾಯಿಯ ಇಬ್ಬರು ಮಕ್ಕಳು ಎರಡು ಹೆಸರಿನಲ್ಲಿ ನೋಂದಾಯಿತರಾಗಿರುವುದೂ ಉಂಟು. ಹೀಗಾಗಿ, ವಿರಳ ಕುಲನಾಮವೊಂದು 1700ರ ಆಚೆಗೆ ತಟ್ಟನೆ ಮಾಯವಾದರೆ ವಂಶ ಬೇರೆ ಕಡೆಯಿಂದ ಬಂತೆಂದು ತೀರ್ಮಾನಿಸುವ ಮೊದಲು, ಆ ಮನೆಯಲ್ಲಿ ಹಿಂದೆ ಯಾರಿದ್ದರು ಎಂದು ಜಮೀನಿನ ಪುಸ್ತಕ ತೆಗೆದು ನೋಡಬೇಕಾಗುತ್ತದೆ.

ಈ ಸಡಿಲಿಕೆಗೆ ಕಡಿವಾಣ ಬಿದ್ದದ್ದು ಚಕ್ರವರ್ತಿ ಎರಡನೇ ಯೋಸೆಫನ ಕಾಲದಲ್ಲಿ. 1784ರ ಫೆಬ್ರವರಿ 20ರ ಆಜ್ಞೆ ಇಗರ್ಜಿಯ ದಫ್ತರಗಳಿಗೆ ಸರ್ಕಾರಿ ದಾಖಲೆಯ ಸ್ಥಾನ ಕೊಟ್ಟು, ಅಂಕಣಗಳನ್ನು ಗೊತ್ತುಪಡಿಸಿತು. ಅದೇ ದಶಕದಲ್ಲಿ ಸ್ಥಿರ ಕುಲನಾಮ ಕಡ್ಡಾಯವಾಯಿತು. ಯಹೂದಿಗಳಿಗೆ 1787ರ ಜುಲೈ 23ರ ಪ್ರತ್ಯೇಕ ಆಜ್ಞೆ ಹೊರಟು, ಅವರು ಸ್ಥಿರ ಕುಲನಾಮ ಇಟ್ಟುಕೊಳ್ಳಬೇಕಾಯಿತು. ತೆರಿಗೆಗೂ ಸೈನ್ಯದ ಭರ್ತಿಗೂ ಜನರನ್ನು ಗುರುತಿಸುವುದು ಸರ್ಕಾರದ ಉದ್ದೇಶವಾಗಿತ್ತು. ಆ ಕ್ಷಣದಲ್ಲಿ ಯಾರ ಮೇಲೆ ಯಾವ ಹೆಸರಿತ್ತೋ, ಎಷ್ಟೇ ವಿಚಿತ್ರವಾಗಿದ್ದರೂ, ಅದು ಹಾಗೆಯೇ ಗಟ್ಟಿಯಾಯಿತು.

ವಿಚಿತ್ರವಾದವಕ್ಕೆ ಕೊರತೆಯೇನೂ ಇರಲಿಲ್ಲ. ಇಡೀ ವಾಕ್ಯವೇ ಹೆಸರಾಗಿ ನಿಂತ ಉದಾಹರಣೆಗಳು ಜೆಕ್‌ನಲ್ಲಿ ಸಾಕಷ್ಟಿವೆ. ಸ್ಕೊಚ್‌ಡೊಪೊಲೆ ಎಂದರೆ ‘ಹೊಲಕ್ಕೆ ಹಾರು’. ನೆಯೆಸ್‌ಖ್ಲೆಬಾ ಎಂದರೆ ‘ಬ್ರೆಡ್ಡು ತಿನ್ನಬೇಡ’. ರಾಡ್‌ಸೆಟೋಲಲ್ ಎಂದರೆ ‘ಅಲೆಯುವುದೆಂದರೆ ಅವನಿಗೆ ಇಷ್ಟ’. ಸ್ಟೊಯೆಸ್ಪಲ್ ಎಂದರೆ ‘ನಿಂತೇ ನಿದ್ದೆಹೋದ’. ಬ್ರನೋ ನಗರದ ರಂಗಭೂಮಿ ವಿದ್ವಾಂಸ ಇವೊ ಒಸೊಲ್‌ಸೊಬ್ಯೆ ಅವರ ಕುಲನಾಮಕ್ಕೆ ‘ನಿನಗೆ ನೀನೇ ಉಪ್ಪು ಹಾಕಿಕೋ’ ಎಂಬ ಅರ್ಥ. ಇಂಥ ವಾಕ್ಯನಾಮಗಳ ಸೌಮ್ಯ ರೂಪ ಭೂತಕಾಲದ ಕ್ರಿಯಾಪದದಿಂದ ಬಂದ ಹೆಸರುಗಳದು: ಪೊಸ್ಪಿಶಿಲ್ (ಅವಸರಪಟ್ಟ), ವಿಸ್ಕೊಚಿಲ್ (ಜಿಗಿದ), ಡೊಲೆಜಲ್ (ಬಿದ್ದುಕೊಂಡಿದ್ದ), ನವ್ರಾಟಿಲ್ (ಹಿಂತಿರುಗಿದ). ಇವುಗಳ ತವರು ಮೊರಾವಿಯಾ, ಅದರಲ್ಲೂ ಹಾನಾ ಬಯಲುಸೀಮೆ. ಒಂದು ಘಟನೆಯನ್ನೋ ಚಾಳಿಯನ್ನೋ ಹಿಡಿದು ಊರವರು ಇಟ್ಟ ಹೆಸರುಗಳಿವು ಎಂಬುದರಲ್ಲಿ ಅನುಮಾನವಿಲ್ಲ; ಆ ಘಟನೆ ಯಾವುದೆಂದು ವಿವರಿಸುವ ಮನೆಮನೆಯ ಕತೆಗಳು ಮಾತ್ರ ಬಹುಮಟ್ಟಿಗೆ ಆಮೇಲೆ ಹೊಸೆದವು. ಟೆನಿಸ್ ತಾರೆ ಮಾರ್ಟಿನಾ ನವ್ರಾಟಿಲೋವಾ ಅವರಿಗೆ ಈ ಹೆಸರು ಬಂದದ್ದು ಮಲತಂದೆಯಿಂದ. ಹೆಸರಿನ ಹಾದಿಯೂ ರಕ್ತದ ಹಾದಿಯೂ ಬೇರೆಯಾಗಲು ಹದಿನೇಳನೇ ಶತಮಾನದ ಹೊಲಮನೆಯೇ ಬೇಕೆಂದಿಲ್ಲ.

ಇವು ಕಣ್ಣಿಗೆ ಹೊಡೆಯುವಂಥವು. ಅರ್ಥ ಹೊಳೆಯದ ವಿರಳ ಹೆಸರುಗಳಲ್ಲಿ ಹೆಚ್ಚಿನವು ಮಾತ್ರ ಸಂತರ ಹೆಸರುಗಳ ಮೊಟಕು ರೂಪಗಳು. ಹಳೆಯ ಜೆಕ್‌ನಲ್ಲಿ ಹೆಸರಿನ ಮೊದಲ ಭಾಗವನ್ನಷ್ಟೇ ಇಟ್ಟುಕೊಂಡು, ಅದಕ್ಕೆ -ಶ್, -ಖ್, -ಟ್ಸ್‌ನಂಥ ಧ್ವನಿ ಸೇರಿಸಿ, ಅದರ ಮೇಲೆ ಇನ್ನೊಂದು ಪ್ರತ್ಯಯ ಹಚ್ಚುವ ರೂಢಿಯಿತ್ತು. ಬೆನೆಡಿಕ್ಟ್ ಬೆನೆಶ್ ಆದ; ಪೆಟರ್ ಪೆಶೆಕ್ ಆದ; ಮಟ್ಯೆಯ್ ಮಾಖ್ ಆಗಿ ಮಖಾಚೆಕ್ ಆದ. ಮೂರು ನಾಲ್ಕು ಮೆಟ್ಟಿಲು ದಾಟಿದ ರೂಪವನ್ನು ನೋಡಿ ಮೂಲ ಸಂತನನ್ನು ಊಹಿಸುವುದು ಅಭ್ಯಾಸವಿಲ್ಲದವರಿಗೆ ಅಸಾಧ್ಯ.

ಹೆಸರುಗಳ ವ್ಯವಸ್ಥಿತ ಸಂಗ್ರಹಕ್ಕೆ ಕೈಹಾಕಿದ ಮೊದಲಿಗರಲ್ಲಿ ಇತಿಹಾಸಕಾರ ಫ್ರಾಂಟಿಶೆಕ್ ಪಲಾಟ್ಸ್ಕಿ ಪ್ರಮುಖ. 1830ರ ದಶಕದಲ್ಲಿ ಅವನು ಹಳೆಯ ಜೆಕ್ ವ್ಯಕ್ತಿನಾಮಗಳ ಪಟ್ಟಿ ಪ್ರಕಟಿಸಿದ. ರಾಷ್ಟ್ರೀಯ ಜಾಗೃತಿಯ ಆ ದಿನಗಳಲ್ಲಿ ಹಳೆಯ ಸ್ಲಾವ್ ಹೆಸರು ಸಿಕ್ಕಿದ್ದೆಲ್ಲ ಭಾಷೆಯ ಹಿರಿಮೆಗೆ ಸಾಕ್ಷಿ. ರೈತನ ಅಡ್ಡಹೆಸರಿನ ಬಗ್ಗೆ ಅಷ್ಟೇನೂ ಆಸ್ಥೆಯಿರಲಿಲ್ಲ. ಶತಮಾನದ ಕೊನೆಯಲ್ಲಿ ಆಂಟೊನೀನ್ ಕೊಟೀಕ್ ಕುಲನಾಮಗಳ ಬಗ್ಗೆಯೇ ಪುಸ್ತಕ ಬರೆದ. ಯಾನ್ ಗೆಬಾವರ್‌ನ ಹಳೆಯ ಜೆಕ್ ನಿಘಂಟು ವ್ಯಕ್ತಿನಾಮಗಳನ್ನೂ ಒಳಗೊಂಡಿದ್ದರಿಂದ ಮುಂದಿನವರಿಗೆ ಗಟ್ಟಿ ನೆಲ ಸಿಕ್ಕಿತು.

ಕ್ಷೇತ್ರ ಪ್ರೌಢವಾದದ್ದು 1960ರ ದಶಕದಲ್ಲಿ. ವ್ಲಾದಿಮೀರ್ ಶ್ಮಿಲೌವರ್ ನೇತೃತ್ವದಲ್ಲಿ ನಾಮವಿಜ್ಞಾನಕ್ಕೆ ಸ್ವಂತ ಪತ್ರಿಕೆ ಬಂತು. 1962ರಲ್ಲಿ ಯೋಸೆಫ್ ಬೆನೆಶ್ ಜೆಕ್ ಕುಲನಾಮಗಳ ಕುರಿತ ಗ್ರಂಥ ಹೊರತಂದ. ಹೆಸರುಗಳನ್ನು ಪ್ರತ್ಯಯ ಮತ್ತು ಪ್ರೇರಣೆಗಳ ಪ್ರಕಾರ ವಿಂಗಡಿಸಿದ ಆ ಕೃತಿಯನ್ನು ಇಂದಿಗೂ ಯಾರೂ ಬದಿಗಿಡಲಾರರು. 1964ರಲ್ಲಿ ಯಾನ್ ಸ್ವೊಬೊಡಾ ಹಳೆಯ ವ್ಯಕ್ತಿನಾಮಗಳಿಂದ ಇಂದಿನ ಕುಲನಾಮಗಳವರೆಗಿನ ಎಳೆ ಬಿಡಿಸಿ ತೋರಿಸಿದ. ಮೊಟಕು ರೂಪಗಳ ಗೋಜಲು ಬಿಡಿಸಲು ಈ ಕೃತಿಯೇ ಕೀಲಿಕೈ. 1983ರಲ್ಲಿ ಬಂದ ಡೊಬ್ರಾವಾ ಮೊಲ್ಡನೋವಾ ಅವರ ‘ನಾಶೆ ಪ್ರ್ಷಿಯ್‌ಮೆನೀ’ ಸಾಮಾನ್ಯ ಓದುಗರ ಕೈಗೆ ನಿಘಂಟನ್ನಿತ್ತು, ಮರುಮುದ್ರಣಗಳನ್ನು ಕಂಡಿತು. ತಮ್ಮ ಹೆಸರಿನ ಮೂಲ ಕೇಳಿದ ಜೆಕ್ ಮಂದಿ ಮೊದಲು ತೆರೆಯುವುದು ಇದನ್ನೇ. ನಿಘಂಟಿನ ಮಿತಿಯೂ ಇಲ್ಲೇ ಕಾಣುತ್ತದೆ: ಒಂದು ಹೆಸರಿಗೆ ಅದು ಎರಡು ಮೂರು ವ್ಯುತ್ಪತ್ತಿ ಕೊಡಬಲ್ಲದು, ನಿರ್ದಿಷ್ಟ ಕುಟುಂಬಕ್ಕೆ ಅದರಲ್ಲಿ ಯಾವುದು ಸಲ್ಲುತ್ತದೆಂದು ಹೇಳಲಾರದು.

ಊರಿನಿಂದ ಬಂದ ಹೆಸರುಗಳಿಗೆ ಸ್ಥಳನಾಮ ಕೋಶಗಳ ನೆರವು ಬೇಕು. ಬೊಹೆಮಿಯಾಕ್ಕೆ ಆಂಟೊನೀನ್ ಪ್ರೊಫೌಸ್ ಆರಂಭಿಸಿದ ಐದು ಸಂಪುಟಗಳ ಕೋಶ (1947–1960), ಮೊರಾವಿಯಾ ಮತ್ತು ಸೈಲೀಷಿಯಾಗಳಿಗೆ ಹೊಸಾಕ್ ಮತ್ತು ಶ್ರಾಮೆಕ್ ಜೋಡಿಯ ಎರಡು ಸಂಪುಟಗಳು (1970, 1980) ಆ ಕೆಲಸ ಮಾಡುತ್ತವೆ. ಶಿಕ್ಷಣತಜ್ಞ ಕೊಮೇನಿಯಸ್‌ನ ಜೆಕ್ ಹೆಸರು ಕೊಮೆನ್‌ಸ್ಕಿ, ಕೊಮ್ನ್ಯಾ ಎಂಬ ಪುಟ್ಟ ಊರಿನಿಂದ ಬಂದದ್ದು. ಒಂದೇ ಹೆಸರಿನ ಹತ್ತು ಊರುಗಳಿದ್ದರೆ ಕುಲನಾಮ ಹರಡುತ್ತದೆ; ಒಂದೇ ಸಣ್ಣ ಊರಿದ್ದರೆ ವಿರಳವಾಗುತ್ತದೆ.

ಒಂದೇ ಹೆಸರನ್ನು ಹಲವು ವಿರಳ ಹೆಸರುಗಳಾಗಿ ಒಡೆದದ್ದು ಕಾಗುಣಿತ. 19ನೇ ಶತಮಾನದ ನಡುವಿನವರೆಗೆ ಜೆಕ್ ಬರವಣಿಗೆಯಲ್ಲಿ ವಕಾರಕ್ಕೆ ‘ಡಬ್ಲ್ಯು’, ಯಕಾರಕ್ಕೆ ‘ಜಿ’ ಅಕ್ಷರ ಬಳಕೆಯಲ್ಲಿದ್ದವು. ಈಗ ‘ಓ-ಯು’ ಎಂದು ಬರೆಯುವ ಸಂಧ್ಯಕ್ಷರವನ್ನು ‘ಎ-ಯು’ ಎಂದು ಬರೆಯುತ್ತಿದ್ದರು. 1840ರ ದಶಕದ ಸುಧಾರಣೆಗಳು ಭಾಷೆಯನ್ನು ತಿದ್ದಿದವು, ಮನೆಮನೆಯ ಹೆಸರನ್ನು ತಿದ್ದಲಿಲ್ಲ. ಪ್ರಾಗ್‌ನಲ್ಲಿ 1854ರಲ್ಲಿ ಹುಟ್ಟಿದ ಸಮಾಜವಾದಿ ಚಿಂತಕ ಕಾರ್ಲ್ ಕೌಟ್ಸ್ಕಿಯ ಹೆಸರಿನಲ್ಲಿ ಹಳೆಯ ‘ಎ-ಯು’ ಹಾಗೇ ಉಳಿದಿದೆ. ಯೆಲೀನೆಕ್ ಕುಟುಂಬವನ್ನು ಹಳೆಯ ದಫ್ತರದ ಸೂಚಿಯಲ್ಲಿ ‘ಜೆ’ ಅಡಿಯಲ್ಲಿ ಹುಡುಕಿದರೆ ಸಿಗದು, ‘ಜಿ’ ಅಡಿಯಲ್ಲಿ ನೋಡಬೇಕು. ಜರ್ಮನ್ ಬಲ್ಲ ಗುಮಾಸ್ತ ಅಥವಾ ಪಾದ್ರಿ ಕಿವಿಗೆ ಬಿದ್ದದ್ದನ್ನು ತನ್ನ ರೀತಿಯಲ್ಲಿ ಬರೆದಾಗ ಕುಚೆರಾ ಎಂಬುದು ಒಂಬತ್ತು ಅಕ್ಷರಗಳ ‘ಕುಟ್ಶೆರಾ’ ಆಯಿತು, ಪ್ರೊಖಾಜ್ಕಾ ಎಂಬುದು ಪ್ರೊಹಸ್ಕಾ ಆಯಿತು. ವಿಯೆನ್ನಾದಲ್ಲಿ ಇಂಥ ರೂಪಗಳು ದಂಡಿಯಾಗಿವೆ. ಅಮೆರಿಕಕ್ಕೆ ಹೋದವರು ಅಕ್ಷರದ ಮೇಲಿನ ಕೊಕ್ಕೆ ಗೀಟುಗಳನ್ನು ಕೈಬಿಟ್ಟರು. ಭಾರತದ ಪೇಟೆಬೀದಿಗಳಲ್ಲಿ ಕಾಣುವ ‘ಬಾಟಾ’ ಫಲಕವೂ ಹೀಗೆಯೇ. ಜ್ಲೀನ್ ಪಟ್ಟಣದ ಚಮ್ಮಾರ ಮನೆತನದ ಕುಲನಾಮವದು, ಮೂಲದಲ್ಲಿ ಟಕಾರದ ಪಕ್ಕ ಮೃದುತ್ವದ ಚಿಹ್ನೆಯಿದೆ, ಉಚ್ಚಾರ ‘ಬಾತ್ಯಾ’ಕ್ಕೆ ಹತ್ತಿರ. ಒಂದು ರೂಪ ವಿರಳವೆಂದು ಹೇಳುವವರು ಯಾವ ಕಾಗುಣಿತಗಳನ್ನು ಸೇರಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಹೇಳದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಜರ್ಮನ್ ಮೂಲದ ಹೆಸರುಗಳು ಬಹುಕಾಲ ಉಪೇಕ್ಷೆಗೊಳಗಾದವು. ಯೋಸೆಫ್ ಬೆನೆಶ್‌ನ ‘ಜೆಕ್ಕರಲ್ಲಿ ಜರ್ಮನ್ ಕುಲನಾಮಗಳು’ ಎಂಬ ಎರಡು ಸಂಪುಟಗಳ ಕೃತಿ 1998ರಲ್ಲಷ್ಟೇ ಅಚ್ಚಾಯಿತು. 1984ರ ನೊಬೆಲ್ ಪುರಸ್ಕೃತ ಕವಿ ಯಾರೊಸ್ಲಾವ್ ಸೈಫರ್ಟ್ ಅವರ ಕುಲನಾಮ ಜರ್ಮನ್‌ನ ಸೀಗ್‌ಫ್ರೀಡ್‌ನಿಂದ ಬಂದದ್ದು. ಕಾಫ್ಕಾ ಇದಕ್ಕೆ ತದ್ವಿರುದ್ಧ: ಜರ್ಮನ್‌ನಲ್ಲಿ ಬರೆದ ಲೇಖಕನ ಹೆಸರು ಜೆಕ್‌ನ ‘ಕವ್ಕಾ’, ಕಾಗೆಯ ಜಾತಿಯ ಒಂದು ಚಿಕ್ಕ ಹಕ್ಕಿ. ಹೆಸರಿನ ಭಾಷೆ ನೋಡಿ ಜನರ ಜನಾಂಗ ಹೇಳಲು ಹೊರಡುವುದು ಈ ನಾಡಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

20ನೇ ಶತಮಾನ ಹೆಸರುಗಳ ಭೂಪಟವನ್ನೇ ಹರಿದುಹಾಕಿತು. ನಾಜಿಗಳ ಕೈಯಲ್ಲಿ ಬೊಹೆಮಿಯಾ-ಮೊರಾವಿಯಾದ ಸುಮಾರು 80 ಸಾವಿರ ಯಹೂದಿಗಳು ಸತ್ತರು. ಅವರ ಹೆಸರುಗಳನ್ನು ಊರುವಾರು, ಕುಟುಂಬವಾರು ಪ್ರಾಗ್‌ನ ಪಿಂಕಾಸ್ ಸಿನಗಾಗಿನ ಗೋಡೆಗಳ ಮೇಲೆ 1950ರ ದಶಕದಲ್ಲಿ ಕೈಯಿಂದ ಬರೆಯಲಾಯಿತು. ಯುದ್ಧ ಮುಗಿದ ಕೂಡಲೇ ಸುಮಾರು 30 ಲಕ್ಷ ಜರ್ಮನರನ್ನು ಹೊರಹಾಕಲಾಯಿತು. ಖಾಲಿಯಾದ ಗಡಿಸೀಮೆಗೆ ಒಳನಾಡಿನಿಂದಲೂ ಸ್ಲೊವಾಕಿಯಾದಿಂದಲೂ ಜನ ಬಂದರು. ಅಲ್ಲಿ ಇಂದು ವಿರಳ ಹೆಸರೊಂದು ಕಂಡರೆ ಅದಕ್ಕೂ ಆ ಮಣ್ಣಿಗೂ ಹಳೆಯ ನಂಟು ಇರುವುದು ಅಪರೂಪ.

ಹೆಸರುಗಳು ತಾವಾಗಿ ಅಳಿಯುವ ಲೆಕ್ಕವನ್ನು ಗಣಿತಜ್ಞರೂ ಮಾಡಿದ್ದಾರೆ. ಫ್ರಾನ್ಸಿಸ್ ಗಾಲ್ಟನ್ ಎತ್ತಿದ ಪ್ರಶ್ನೆಗೆ ಹೆನ್ರಿ ವಾಟ್ಸನ್ 1870ರ ದಶಕದಲ್ಲಿ ಉತ್ತರ ಕೊಟ್ಟ. ಎಲ್ಲ ಕುಲನಾಮಗಳೂ ಅಳಿದೇ ಅಳಿಯುತ್ತವೆ ಎಂಬ ಅವನ ತೀರ್ಮಾನ ತಪ್ಪಾಗಿತ್ತು. ತಲೆಗೆ ಸರಾಸರಿ ಒಂದಕ್ಕಿಂತ ಹೆಚ್ಚು ಗಂಡುಮಕ್ಕಳಿದ್ದರೆ ಉಳಿಯುವ ಸಾಧ್ಯತೆಯೂ ಇದೆ. ಇದನ್ನು ಫ್ರಾನ್ಸಿನ ಬಿಯೆನೆಮೆ 1845ರಲ್ಲೇ ಸರಿಯಾಗಿ ಕಂಡುಕೊಂಡಿದ್ದ. ಒಬ್ಬನಿಂದ ಆರಂಭವಾದ ಹೆಸರು ಮೊದಲ ಕೆಲವು ತಲೆಮಾರುಗಳಲ್ಲೇ ಅಳಿಯುವ ಅಪಾಯ ಹೆಚ್ಚು ಎಂಬುದು ವಿರಳ ಹೆಸರುಗಳಿಗೆ ನೇರವಾಗಿ ಅನ್ವಯಿಸುತ್ತದೆ. ಆದರೆ ಈ ಮಾದರಿ ಹೆಸರು ಗಂಡುಮಕ್ಕಳಿಂದಲೇ ಸಾಗುತ್ತದೆ ಎಂದು ನಂಬುತ್ತದೆ. ಮಗಳ ಗಂಡನೇ ಮನೆಯ ಹೆಸರು ಹೊರುತ್ತಿದ್ದ ಜೆಕ್ ಹಳ್ಳಿಗೆ ಅದನ್ನು 1780ಕ್ಕಿಂತ ಹಿಂದಕ್ಕೆ ಎಳೆಯಲಾಗದು.

ಇಡೀ ದೇಶದ ಎಣಿಕೆ ಸಾಧ್ಯವಾದದ್ದು ಜನಸಂಖ್ಯಾ ನೋಂದಣಿ ಗಣಕಯಂತ್ರಕ್ಕೆ ಬಂದ ಮೇಲೆ. ಒಳಾಡಳಿತ ಸಚಿವಾಲಯ ಹೆಸರುಗಳ ಆವರ್ತನದ ಕೋಷ್ಟಕಗಳನ್ನು ಪ್ರಕಟಿಸಿದ್ದರಿಂದ ಯಾವ ಹೆಸರು ಎಲ್ಲಿ ದಟ್ಟವಾಗಿದೆ ಎಂದು ನೋಡುವುದು ಸುಲಭವಾಯಿತು. 2012ರಲ್ಲಿ ಯೋಸೆಫ್ ನೊವೊಟ್ನಿ ಮತ್ತು ಜೇಮ್ಸ್ ಚೆಶೈರ್ ದೇಶದ 206 ಆಡಳಿತ ವಲಯಗಳ ಕುಲನಾಮಗಳನ್ನು ಜಾಲ ವಿಶ್ಲೇಷಣೆಗೆ ಒಡ್ಡಿದರು. ಬೊಹೆಮಿಯಾ-ಮೊರಾವಿಯಾಗಳ ಹಳೆಯ ಗಡಿ ಹೆಸರುಗಳ ಹರವಿನಲ್ಲಿ ಇನ್ನೂ ಗುರುತಾಗುತ್ತದೆ. ಜರ್ಮನರು ತೆರವು ಮಾಡಿದ ಸೀಮೆ ಬೇರೆಯಾಗಿಯೇ ನಿಲ್ಲುತ್ತದೆ. ವಿರಳ ಹೆಸರಿನ ಸಂಶೋಧಕನಿಗೆ ಇಂಥ ನಕಾಶೆಯೇ ಈಗ ಮೊದಲ ಮೆಟ್ಟಿಲು. ಮೂವತ್ತು ಜನರಲ್ಲಿ ಇಪ್ಪತ್ತು ಮಂದಿ ಒಂದೇ ವಲಯದಲ್ಲಿದ್ದರೆ ಆ ಸುತ್ತಿನ ಇಗರ್ಜಿಗಳ ದಫ್ತರ ತೆರೆಯಬಹುದು. ಅವುಗಳ ಸ್ಕ್ಯಾನ್ ಪ್ರತಿಗಳನ್ನು ಪ್ರಾಂತೀಯ ಪತ್ರಾಗಾರಗಳು ಅಂತರ್ಜಾಲದಲ್ಲಿ ಇಟ್ಟಿವೆ; ಹಳೆಯ ಜರ್ಮನ್ ಕೈಬರಹ ಓದಲು ಕಲಿತವರು ಮನೆಯಲ್ಲೇ ಕುಳಿತು 17ನೇ ಶತಮಾನದವರೆಗೆ ಹೋಗಬಲ್ಲರು.

ಎಣಿಕೆಯಲ್ಲಿ ಒಂದು ತೊಡಕು ಮೊದಲಿನಿಂದಲೂ ಇದೆ. ಹೆಂಗಸಿನ ಕುಲನಾಮಕ್ಕೆ -ಓವಾ ಸೇರುತ್ತದೆ, ಇಲ್ಲವೇ ಚೆರ್ನಿ ಎಂಬ ವಿಶೇಷಣ ಚೆರ್ನಾ ಆಗುತ್ತದೆ, ಹಾಗಾಗಿ ಒಂದೇ ಮನೆತನ ಕೋಷ್ಟಕದಲ್ಲಿ ಎರಡು ಸಾಲಾಗುತ್ತದೆ. ಸಂಗೀತಗಾರ ಬೊಹುಸ್ಲಾವ್ ಮಾರ್ಟಿನೂ ಅವರದರಂಥ ಷಷ್ಠೀ ರೂಪದ ಹೆಸರುಗಳು ಮಾತ್ರ ಇಬ್ಬರಿಗೂ ಒಂದೇ. 2022ರ ಜನವರಿ 1ರಿಂದ ಯಾವ ಹೆಂಗಸಾದರೂ -ಓವಾ ಇಲ್ಲದ ರೂಪವನ್ನು ಕಾರಣ ಕೊಡದೆ ಆರಿಸಿಕೊಳ್ಳಬಹುದು. ಅಂದಿನಿಂದ ಗಂಡುರೂಪದ ಸಾಲಿನಲ್ಲಿ ಹೆಂಗಸರೂ ಸೇರುತ್ತಿದ್ದಾರೆ. ಹತ್ತು ಹದಿನೈದು ಜನರ ಹೆಸರಿನಲ್ಲಿ ಇಬ್ಬರು ಹೀಗೆ ಸಾಲು ಬದಲಿಸಿದರೂ ಅನುಪಾತ ಏರುಪೇರಾಗುತ್ತದೆ, ಆದ್ದರಿಂದ 2022ಕ್ಕೆ ಹಿಂದಿನ ಮತ್ತು ಮುಂದಿನ ಕೋಷ್ಟಕಗಳನ್ನು ಹೋಲಿಸುವವರು ಎರಡು ಸಾಲುಗಳನ್ನೂ ಮೊದಲು ಕೂಡಿಸಿಕೊಳ್ಳಬೇಕಾಗುತ್ತದೆ.