28ನೇ ದಿನದ ಆಚೆ: ಬಲವರ್ಧಿತ ಮತ್ತು ಮಾರ್ಪಡಿಸಿದ ಕಾಂಕ್ರೀಟಿನ ಪರೀಕ್ಷೆ ಬೆಳೆದು ಬಂದ ದಾರಿ

ಪೀಠಿಕೆ

ಕಾಂಕ್ರೀಟಿನ ಗುಣಮಟ್ಟದ ಮಾತು ಬಂದರೆ ಕಟ್ಟಡದ ಕೆಲಸದಲ್ಲಿರುವವರು ಮೊದಲು ಕೇಳುವುದು ಕ್ಯೂಬ್ ರಿಪೋರ್ಟನ್ನು. 150 ಮಿ.ಮೀ. ಅಳತೆಯ ಘನವೊಂದು 28ನೇ ದಿನ ಎಷ್ಟು ಭಾರ ತಾಳಿತು ಎಂಬ ಒಂದೇ ಅಂಕಿಯ ಮೇಲೆ ಬಿಲ್ಲು ಪಾಸಾಗುತ್ತದೆ, ಇಲ್ಲವೇ ಹಾಕಿದ ಕಾಂಕ್ರೀಟನ್ನು ಒಡೆದು ತೆಗೆಯುವ ಮಾತು ಏಳುತ್ತದೆ. ಈ ಅಂಕಿಗೆ ಇಷ್ಟು ಅಧಿಕಾರ ಬಂದದ್ದು ಹೇಗೆ, ಅದು ಹೇಳಲಾರದ್ದು ಏನು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ. ಕಬ್ಬಿಣವಾಗಲಿ, ಹಾರುಬೂದಿಯಾಗಲಿ, ಉಕ್ಕಿನ ಎಳೆಯಾಗಲಿ, ಕಾಂಕ್ರೀಟಿಗೆ ಹೊಸದೊಂದು ಸೇರಿದಾಗಲೆಲ್ಲ ಹಳೆಯ ಪರೀಕ್ಷೆ ಸಾಲದೆ ಹೋಗಿದೆ. ಹೊಸ ವಸ್ತುವಿಗೆ ಹೊಸ ಪ್ರಶ್ನೆಯನ್ನೇ ಕೇಳಬೇಕಾಗಿದೆ. ಆ ಪ್ರಶ್ನೆ ಸಿಗುವವರೆಗೂ ಒಳ್ಳೆಯ ವಸ್ತುವಿಗೆ ಅನ್ಯಾಯವಾಗಬಹುದು, ಕೆಟ್ಟದ್ದು ನುಸುಳಿಬಿಡಬಹುದು ಎಂಬುದು ಇಲ್ಲಿನ ವಾದ.

ನೀರಿನಲ್ಲಿ ಗಟ್ಟಿಯಾಗುವ ಸುಣ್ಣ

ವ್ಯವಸ್ಥಿತ ಪರೀಕ್ಷೆಯ ಮೊದಲ ದೊಡ್ಡ ಹೆಸರು ಇಂಗ್ಲೆಂಡಿನ ಜಾನ್ ಸ್ಮೀಟನ್ ಅವರದು. ಎಡಿಸ್ಟೋನ್ ದೀಪಸ್ತಂಭವನ್ನು ಕಡಲ ಬಂಡೆಯ ಮೇಲೆ ಕಟ್ಟುವ ಹೊಣೆ ಹೊತ್ತ ಅವರು 1756ರಲ್ಲಿ ನಾನಾ ಊರುಗಳ ಸುಣ್ಣ ತರಿಸಿ, ಗಾರೆಯ ಉಂಡೆ ಕಟ್ಟಿ, ನೀರಿಗೆ ಹಾಕಿ ನೋಡಿದರು. ಸುಣ್ಣದ ಕಲ್ಲನ್ನು ಆಮ್ಲದಲ್ಲಿ ಕರಗಿಸಿದಾಗ ಜೇಡಿಯ ಅಂಶ ಉಳಿಯುವ ಕಲ್ಲಿನ ಸುಣ್ಣವೇ ನೀರಿನಲ್ಲಿ ಗಟ್ಟಿಯಾಗುತ್ತದೆ ಎಂಬುದು ಅವರ ಮುಖ್ಯ ಶೋಧ. ಬಿಳುಪು, ಗಡಸುತನ ನೋಡಿ ಸುಣ್ಣ ಆರಿಸುತ್ತಿದ್ದ ಪದ್ಧತಿಯ ಬುಡವನ್ನೇ ಈ ಪ್ರಯೋಗ ಅಲುಗಿಸಿತು.

ಫ್ರಾನ್ಸಿನ ಲೂಯಿ ವಿಕಾ 1818ರಲ್ಲಿ ತಮ್ಮ ಸಂಶೋಧನೆ ಪ್ರಕಟಿಸಿದರು. ಅವರ ಹೆಸರಿನ ಸೂಜಿ ಇಂದಿಗೂ ನಮ್ಮ ಪ್ರತಿಯೊಂದು ಸಿಮೆಂಟ್ ಪ್ರಯೋಗಾಲಯದಲ್ಲಿದೆ. ಸಿಮೆಂಟ್ ಕಲಕದೊಳಗೆ ಇಳಿಯುತ್ತಿದ್ದ ಸೂಜಿ ತಳದಿಂದ ಸುಮಾರು 5 ಮಿ.ಮೀ. ಮೇಲೆಯೇ ನಿಂತರೆ ಅದು ಆರಂಭಿಕ ಸೆಟ್ಟಿಂಗ್. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ ಇದು 30 ನಿಮಿಷಕ್ಕಿಂತ ಮೊದಲು ಆಗಕೂಡದು ಎಂಬುದು ಭಾರತೀಯ ಮಾನಕದ ನಿಯಮ. ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದರೂ ಅದಕ್ಕೆ ಸಾರ್ವಜನಿಕ ವಿಶ್ವಾಸ ಗಳಿಸಿಕೊಟ್ಟವರಲ್ಲಿ ಲಂಡನ್ನಿನ ಒಳಚರಂಡಿ ಯೋಜನೆಯ ಎಂಜಿನಿಯರ್ ಜಾನ್ ಗ್ರಾಂಟ್ ಮುಖ್ಯರು. 1859ರಿಂದ ಅವರು ಬಂದ ಸಿಮೆಂಟನ್ನು ಅಚ್ಚುಗಳಲ್ಲಿ ತುಂಬಿ, ನೀರಿನಲ್ಲಿಟ್ಟು, ಏಳು ದಿನಗಳ ಮೇಲೆ ಎಳೆದು ಮುರಿಸುತ್ತಿದ್ದರು. ಒತ್ತುವ ಬದಲು ಎಳೆದದ್ದಕ್ಕೆ ಕಾರಣವಿದೆ. ಸಿಮೆಂಟಿನ ಎಳೆತ ತಾಳಿಕೆ ತೀರ ಕಡಿಮೆ, ಅದನ್ನು ಅಳೆಯಲು ಸಣ್ಣ ಸನ್ನೆಯಂತ್ರ ಸಾಕು. ಕೈಯಲ್ಲಿದ್ದ ಯಂತ್ರವೇ ಪರೀಕ್ಷೆಯ ಸ್ವರೂಪವನ್ನು ತೀರ್ಮಾನಿಸಿತ್ತು.

ಕಬ್ಬಿಣ ಸೇರಿದ ಮೇಲೆ

ಫ್ರಾನ್ಸಿನ ತೋಟಗಾರ ಜೋಸೆಫ್ ಮೊನಿಯೆ 1867ರಲ್ಲಿ ಕಬ್ಬಿಣದ ಜಾಲರಿಯಿದ್ದ ಸಿಮೆಂಟ್ ತೊಟ್ಟಿಗಳಿಗೆ ಪೇಟೆಂಟ್ ಪಡೆದಾಗ ಅದರ ಹಿಂದೆ ಲೆಕ್ಕಾಚಾರವಿರಲಿಲ್ಲ. ಅಮೆರಿಕದ ಥಡ್ಡಿಯಸ್ ಹಯಟ್ ಲಂಡನ್ನಿನ ಡೇವಿಡ್ ಕರ್ಕಾಲ್ಡಿ ಅವರ ಪರೀಕ್ಷಾ ಕೇಂದ್ರದಲ್ಲಿ ತೊಲೆಗಳನ್ನು ಮುರಿಸಿ, 1877ರಲ್ಲಿ ಫಲಿತಾಂಶಗಳನ್ನು ಅಚ್ಚು ಹಾಕಿಸಿದರು. ತೊಲೆಯ ಎಳೆತದ ಬದಿಯಲ್ಲಿ ಕಬ್ಬಿಣ ಇರಬೇಕು, ಬಿಸಿಯಾದಾಗ ಕಬ್ಬಿಣವೂ ಕಾಂಕ್ರೀಟೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಎಂಬ ಎರಡು ಸಂಗತಿಗಳು ಅಲ್ಲಿ ಗಟ್ಟಿಯಾದವು. ಅವೆರಡರ ಹಿಗ್ಗುವಿಕೆಯಲ್ಲಿ ದೊಡ್ಡ ಅಂತರವಿದ್ದಿದ್ದರೆ ನಮ್ಮ ಏಪ್ರಿಲ್ ಬಿಸಿಲಿಗೆ ಯಾವ ಆರ್‌ಸಿಸಿ ತಾರಸಿಯೂ ಉಳಿಯುತ್ತಿರಲಿಲ್ಲ.

ಇಲ್ಲಿಂದ ಪರೀಕ್ಷೆಯ ಘಟಕವೇ ಬದಲಾಯಿತು. ಬರಿಯ ಸಿಮೆಂಟಿನ ತುಂಡು ಸಾಲದು, ಕಬ್ಬಿಣ ಕೂರಿಸಿದ ಪೂರ್ತಿ ತೊಲೆ ಬೇಕು. ಸರಳು ಕಾಂಕ್ರೀಟಿನಿಂದ ಜಾರುತ್ತದೆಯೇ, ತೊಲೆಯ ತುದಿಯಲ್ಲಿ ಓರೆ ಬಿರುಕು ಏಕೆ ಹುಟ್ಟುತ್ತದೆ ಎಂಬ ಪ್ರಶ್ನೆಗಳಿಗೆ ಘನದ ಬಳಿ ಉತ್ತರವಿಲ್ಲ. ಸ್ವಿಟ್ಜರ್ಲೆಂಡಿನ ವಿಲ್ಹೆಲ್ಮ್ ರಿಟ್ಟರ್ 1899ರಲ್ಲಿ ತೊಲೆಯ ಒಳಗಿನ ಬಲಗಳನ್ನು ಓರೆ ಕಂಬಗಳ ಚೌಕಟ್ಟಿನಂತೆ ಬಿಡಿಸಿ ತೋರಿಸಿದರು. ಜರ್ಮನಿಯ ಎಮಿಲ್ ಮೋರ್ಶ್ ಅದನ್ನು ಪ್ರಯೋಗಗಳಿಂದ ಬೆಳೆಸಿದರು. 1902ರಲ್ಲಿ ಬಂದ ಅವರ ಗ್ರಂಥ ಬಲವರ್ಧಿತ ಕಾಂಕ್ರೀಟಿನ ವಿನ್ಯಾಸಕ್ಕೆ ಪ್ರಯೋಗದ ಅಡಿಪಾಯ ಹಾಕಿತು. ಇಂದು ತೊಲೆಯ ತುದಿಗಳಲ್ಲಿ ರಿಂಗುಗಳನ್ನು ಹತ್ತಿರ ಹತ್ತಿರ ಕಟ್ಟುವ ಬಾರ್ ಬೆಂಡರ್ ಈ ಪ್ರಯೋಗಗಳ ಫಲವನ್ನೇ ಕೈಯಿಂದ ಮಾಡಿ ತೋರಿಸುತ್ತಿದ್ದಾನೆ.

ನೀರಿನ ಲೆಕ್ಕ, ಕ್ಯೂಬಿನ ಕಟ್ಟುಪಾಡು

ಶಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟಿನಲ್ಲಿ ಡಫ್ ಏಬ್ರಮ್ಸ್ ಸಾವಿರಾರು ಮಾದರಿಗಳನ್ನು ಮುರಿಸಿ 1918ರಲ್ಲಿ ಪ್ರಕಟಿಸಿದ ನಿಯಮ ಸರಳ: ಒಳ್ಳೆಯ ಜಲ್ಲಿ, ಮರಳು ಇದ್ದು ಮಿಶ್ರಣ ಹದವಾಗಿದ್ದರೆ ಕಾಂಕ್ರೀಟಿನ ತಾಳಿಕೆಯನ್ನು ಮುಖ್ಯವಾಗಿ ನಿರ್ಧರಿಸುವುದು ಸಿಮೆಂಟಿಗೂ ನೀರಿಗೂ ಇರುವ ಅನುಪಾತ. ಮೇಸ್ತ್ರಿ ಸಲೀಸಾಗಲೆಂದು ಸುರಿಯುವ ಒಂದು ಬಕೆಟ್ ಹೆಚ್ಚುವರಿ ನೀರಿನ ಹಾನಿಗೆ ಇದರಿಂದ ಲೆಕ್ಕ ಸಿಕ್ಕಿತು. ಅದೇ ಕಾಲದಲ್ಲಿ ರೂಢಿಗೆ ಬಂದ ಸ್ಲಂಪ್ ಶಂಕು 300 ಮಿ.ಮೀ. ಎತ್ತರದ್ದು. ಶಂಕು ಎತ್ತಿದಾಗ ಕಾಂಕ್ರೀಟು ಎಷ್ಟು ಕುಸಿಯಿತು ಎಂಬುದೇ ಅಳತೆ.

ಭಾರತದಲ್ಲಿ ಈ ಕ್ರಮಗಳಿಗೆ ಶಿಸ್ತು ತಂದದ್ದು 1959ರ ಐಎಸ್ 516 ಮತ್ತು ಐಎಸ್ 1199. ಮೊದಲನೆಯದು ಕೈಯಿಂದ ಕ್ಯೂಬ್ ತುಂಬುವ ಬಗೆಯನ್ನು ಹೇಳಿದ ರೀತಿ ಗಮನಾರ್ಹ: ಮೂರು ಪದರ, ಪ್ರತಿ ಪದರಕ್ಕೆ 16 ಮಿ.ಮೀ. ಸರಳಿನಿಂದ 35 ಕುಟ್ಟು, 24 ಗಂಟೆಯ ಮೇಲೆ ಅಚ್ಚು ಬಿಡಿಸಿ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಮುಳುಗಿಸುವುದು. ಭಾರ ಹಾಕಬೇಕಾದದ್ದು ತುಂಬುವಾಗ ಮೇಲ್ಮುಖವಾಗಿದ್ದ ಒರಟು ಮೈಯ ಮೇಲಲ್ಲ, ಅಚ್ಚಿಗೆ ಅಂಟಿ ನಯವಾಗಿದ್ದ ಪಕ್ಕಗಳ ಮೇಲೆ. ಎಂ20 ಕಾಂಕ್ರೀಟಿನ ಕ್ಯೂಬು ಚದರ ಮಿ.ಮೀ.ಗೆ 20 ನ್ಯೂಟನ್ ತಾಳಿತು ಎಂದರೆ 22,500 ಚದರ ಮಿ.ಮೀ. ಮೈಯ ಮೇಲೆ ಒಟ್ಟು 450 ಕಿಲೋನ್ಯೂಟನ್ ಹೊತ್ತಿತು ಎಂದರ್ಥ.

ಸರಿಯಾಗಿ ಒಡೆದ ಕ್ಯೂಬನ್ನು ಯಂತ್ರದಿಂದ ತೆಗೆದು ನೋಡಿ. ನಾಲ್ಕು ಪಕ್ಕಗಳು ಉದುರಿ, ನಡು ಸಣ್ಣಗಾಗಿ, ಡಮರುಗದ ಆಕಾರ ಉಳಿದಿರುತ್ತದೆ. ಯಂತ್ರದ ಉಕ್ಕಿನ ಫಲಕಗಳು ಘರ್ಷಣೆಯಿಂದ ಎರಡೂ ತುದಿಗಳನ್ನು ಬಿಗಿಹಿಡಿದದ್ದೇ ಇದಕ್ಕೆ ಕಾರಣ. ಈ ಹಿಡಿತ ಕ್ಯೂಬಿಗೆ ಇಲ್ಲದ ಬಲವನ್ನು ಕೊಡುತ್ತದೆ. ಅದೇ ಕಾಂಕ್ರೀಟಿನ ಉದ್ದನೆಯ ಸಿಲಿಂಡರು ಸುಮಾರು 0.8 ಪಾಲು ಮಾತ್ರ ತಾಳುತ್ತದೆ. ಐಎಸ್ 456 ವಿನ್ಯಾಸಕ್ಕೆ ಕ್ಯೂಬಿನ ತಾಳಿಕೆಯ 0.67 ಪಾಲನ್ನಷ್ಟೇ ತೆಗೆದುಕೊಂಡು, ಅದರ ಮೇಲೆ ಮತ್ತೆ 1.5ರ ಸುರಕ್ಷಾ ಅಂಶ ಇಟ್ಟಿರುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಬೆಂಗಳೂರಿನಿಂದ ಬಂದ ರೇಖೆ

ಕ್ಯೂಬ್ ಪರೀಕ್ಷೆ ಶಿಖರದ ಅಂಕಿಯನ್ನು ಮಾತ್ರ ಕೊಡುತ್ತದೆ. ಅಲ್ಲಿಗೆ ಏರುವ ದಾರಿಯನ್ನೂ ಆಮೇಲೆ ಇಳಿಯುವ ದಾರಿಯನ್ನೂ ತಿಳಿಯದೆ ಬಲವರ್ಧಿತ ತೊಲೆಯ ವರ್ತನೆಯನ್ನು ಲೆಕ್ಕ ಹಾಕಲಾಗದು. 1964ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಕಾಶ ದೇಸಾಯಿ ಮತ್ತು ಎಸ್. ಕೃಷ್ಣನ್ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಪತ್ರಿಕೆಯಲ್ಲಿ ಒತ್ತಡ ಮತ್ತು ಕುಗ್ಗುವಿಕೆಯ ರೇಖೆಯ ಈ ಏರಿಳಿತವನ್ನು ಒಂದೇ ಸಮೀಕರಣದಲ್ಲಿ ಹಿಡಿದುಕೊಟ್ಟರು. ‘ದೇಸಾಯಿ–ಕೃಷ್ಣನ್ ಸೂತ್ರ’ವನ್ನು ಕಾಂಕ್ರೀಟಿನ ಗಣಕ ವಿಶ್ಲೇಷಣೆ ಮಾಡುವವರು ಇಂದಿಗೂ ಬಳಸುತ್ತಾರೆ. 1970ರಲ್ಲಿ ಕೆ.ಟಿ. ಸುಂದರರಾಜ ಅಯ್ಯಂಗಾರ್, ದೇಸಾಯಿ ಮತ್ತು ಸಹಲೇಖಕರು ಉಕ್ಕಿನ ಬಂಧಗಳಿಂದ ಬಿಗಿದ ಕಾಂಕ್ರೀಟಿನ ರೇಖೆಯನ್ನು ಪ್ರಕಟಿಸಿದರು. ಬಂಧ ಬಿಗಿಯಾದಷ್ಟೂ ಕಾಂಕ್ರೀಟು ಹೆಚ್ಚು ಕುಗ್ಗಿಯೂ ಭಾರ ಬಿಡದೆ ನಿಲ್ಲುತ್ತದೆ. ಭೂಕಂಪ ನಿರೋಧಕ ಕಂಬಗಳ ರಿಂಗುಗಳ ಹಿಂದಿರುವುದು ಇದೇ ತತ್ತ್ವ.

ಮಾರ್ಪಡಿಸಿದ ಕಾಂಕ್ರೀಟು, ಬದಲಾದ ಪ್ರಶ್ನೆ

ಕನ್ನಡನಾಡಿಗೆ ಮಿಶ್ರಣವನ್ನು ಮಾರ್ಪಡಿಸುವುದು ಹೊಸದಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದೊಡನೆ ನಿಧಾನವಾಗಿ ಕೂಡಿ ಗಟ್ಟಿಯಾಗುವ ಈ ಕ್ರಿಯೆಯೇ ಹಾರುಬೂದಿಯಲ್ಲೂ ನಡೆಯುತ್ತದೆ. ಸಿಮೆಂಟು ನೀರಿನೊಡನೆ ಸೇರಿದಾಗ ಬಿಡುಗಡೆಯಾಗುವ ಸುಣ್ಣವನ್ನು ಬೂದಿಯ ಸಿಲಿಕಾ ಹಿಡಿದುಕೊಂಡು ಹೊಸ ಬೆಸುಗೆಯಾಗುತ್ತದೆ. ಅದಕ್ಕೆ ಕಾಲ ಬೇಕು. ಕ್ಯಾಲಿಫೋರ್ನಿಯಾದ ರೇಮಂಡ್ ಡೇವಿಸ್ ಮತ್ತು ಸಂಗಡಿಗರು 1937ರಲ್ಲಿ ಹಾರುಬೂದಿಯ ಅಧ್ಯಯನ ಪ್ರಕಟಿಸಿದರು. ಮುಂದೆ ಅಮೆರಿಕದ ಹಂಗ್ರಿ ಹಾರ್ಸ್ ಅಣೆಕಟ್ಟೆಯಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಬಳಕೆಯಾಯಿತು. ಇಂಥ ಕಾಂಕ್ರೀಟನ್ನು 28ನೇ ದಿನವೇ ಅಳೆದು ಕೈಬಿಟ್ಟರೆ 90ನೇ ದಿನ ಅದು ತೋರುವ ಬಲ ಲೆಕ್ಕಕ್ಕೇ ಬರುವುದಿಲ್ಲ.

ಉಕ್ಕಿನ ಎಳೆಗಳ ಕಥೆ ಇನ್ನೂ ಸ್ಪಷ್ಟ. ಅಮೆರಿಕದ ರೊಮುವಾಲ್ಡಿ ಮತ್ತು ಬ್ಯಾಟ್ಸನ್ 1963ರಲ್ಲಿ, ಒತ್ತೊತ್ತಾಗಿ ಕೂತ ತಂತಿಗಳು ಬಿರುಕಿನ ಹಬ್ಬುವಿಕೆಯನ್ನು ತಡೆಯುತ್ತವೆ ಎಂದು ತೋರಿಸಿದರು. ಎಳೆ ಬೆರೆತ ಕ್ಯೂಬನ್ನು ಒತ್ತಿದರೆ ಅಂಕಿ ಬಹುಮಟ್ಟಿಗೆ ಹಳೆಯದೇ, ಏಕೆಂದರೆ ಎಳೆ ಕೆಲಸ ಶುರುಮಾಡುವುದೇ ಬಿರುಕು ಬಿಟ್ಟ ಮೇಲೆ. ಹೀಗಾಗಿ ಯುರೋಪಿನ ಇಎನ್ 14651 ಮಾನಕದಲ್ಲಿ 150 ಮಿ.ಮೀ. ಚದರ ಅಡ್ಡಕೊಯ್ತದ ತೊಲೆಗೆ 25 ಮಿ.ಮೀ. ಆಳದ ಕಚ್ಚು ಕೊಯ್ದು, ಬಾಗಿಸುತ್ತ, ಕಚ್ಚಿನ ಬಾಯಿ ಅಗಲವಾದಂತೆಲ್ಲ ಉಳಿದ ಬಲವನ್ನು ಅಳೆಯುತ್ತಾರೆ. ಬಿರುಕಿನೊಡನೆ ಹಳೆಯ ಪರೀಕ್ಷೆ ಮುಗಿಯುತ್ತಿತ್ತು, ಇಲ್ಲಿ ಮುಖ್ಯ ಅಳತೆ ಬಿರುಕಿನಿಂದಲೇ ಶುರುವಾಗುತ್ತದೆ.

ಜಪಾನಿನಲ್ಲಿ ಹಾಜಿಮೆ ಒಕಾಮುರಾ 1986ರಲ್ಲಿ ಮುಂದಿಟ್ಟ, ತಾನಾಗಿ ಹರಿದು ಅಚ್ಚು ತುಂಬುವ ಕಾಂಕ್ರೀಟಿಗೆ ಸ್ಲಂಪಿನ ಹಳೆಯ ಓದು ನಿರುಪಯೋಗಿಯಾಯಿತು. ಶಂಕು ಅದೇ ಉಳಿಯಿತು, ಆದರೆ ಕುಸಿತವನ್ನು ಬಿಟ್ಟು ಕಾಂಕ್ರೀಟು ಹರಡಿದ ವ್ಯಾಸವನ್ನು ಅಳೆಯತೊಡಗಿದರು. ಸಾಮಾನ್ಯವಾಗಿ ಅದು 550ರಿಂದ 850 ಮಿ.ಮೀ. ವರೆಗೆ ಇರುತ್ತದೆ.

ಬಾಳಿಕೆಯ ಪರೀಕ್ಷೆ

ಮಂಗಳೂರು, ಕಾರವಾರದ ಕಡಲ ಬದಿಯಲ್ಲಿ ಕಟ್ಟಡಗಳನ್ನು ಕಾಡುವುದು ಒತ್ತಡಕ್ಕಿಂತ ಹೆಚ್ಚಾಗಿ ಉಪ್ಪು. ಕ್ಲೋರೈಡು ಒಳನುಸುಳಿ ಸರಳಿಗೆ ತುಕ್ಕು ಹಿಡಿದರೆ ತುಕ್ಕು ಊದಿ ಕಾಂಕ್ರೀಟಿನ ಹೊದಿಕೆಯನ್ನು ಸೀಳುತ್ತದೆ. ಅಮೆರಿಕದ ಡೇವಿಡ್ ವೈಟಿಂಗ್ 1981ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ 50 ಮಿ.ಮೀ. ದಪ್ಪದ ಬಿಲ್ಲೆಗೆ ಆರು ಗಂಟೆ ಕಾಲ 60 ವೋಲ್ಟ್ ಹಾಯಿಸಿ, ಹರಿದ ವಿದ್ಯುದಾವೇಶವನ್ನು ಕೂಲಂಬ್‌ನಲ್ಲಿ ಎಣಿಸುತ್ತಾರೆ. 4,000 ಮೀರಿದರೆ ಕಾಂಕ್ರೀಟು ಸಡಿಲ, 1,000ಕ್ಕಿಂತ ಕೆಳಗಿದ್ದರೆ ಬಿಗಿ. ಇದಕ್ಕೂ ಮಿತಿಯಿದೆ. ಉಕ್ಕಿನ ಎಳೆ ಇದ್ದರೆ ವಿದ್ಯುತ್ತು ಅದರ ಮೂಲಕವೇ ಹರಿದು ಒಳ್ಳೆಯ ಕಾಂಕ್ರೀಟನ್ನೂ ಕೆಟ್ಟದ್ದೆಂದು ತೋರಿಸುತ್ತದೆ. ಸಿಲಿಕಾ ಫ್ಯೂಮ್ ಬೆರೆಸಿದಾಗ ರಂಧ್ರಗಳಲ್ಲಿನ ದ್ರವದ ವಾಹಕತೆಯೇ ತಗ್ಗುವುದರಿಂದ ಫಲಿತಾಂಶ ಅರ್ಹತೆಗಿಂತ ಚೆನ್ನಾಗಿ ಕಾಣಬಹುದು.

ಸಮಾರೋಪ

ಎರಡೂವರೆ ಶತಮಾನದ ಈ ಚರಿತ್ರೆಯಲ್ಲಿ ಒಂದು ಪರೀಕ್ಷೆ ಇನ್ನೊಂದನ್ನು ಅಳಿಸಿಲ್ಲ. ವಿಕಾ ಸೂಜಿಯೂ ಇದೆ, ಕ್ಯೂಬೂ ಇದೆ, ಕಚ್ಚು ಕೊಯ್ದ ತೊಲೆಯೂ ಇದೆ. ಒಂದೊಂದಕ್ಕೂ ತನ್ನ ಪ್ರಶ್ನೆಯಿದೆ. ನದಿ ಮರಳಿನ ಜಾಗಕ್ಕೆ ಎಂ-ಸ್ಯಾಂಡ್, ಸಿಮೆಂಟಿನ ಒಂದು ಪಾಲಿಗೆ ಹಾರುಬೂದಿ ಮತ್ತು ಕುಲುಮೆ ಕಿಟ್ಟದ ಪುಡಿ ಬಂದಿರುವ ಇಂದಿನ ಕರ್ನಾಟಕದಲ್ಲಿ ಒಂದೇ ಅಂಕಿಯ ಭರವಸೆಯಲ್ಲಿ ಸೇತುವೆ, ಮೇಲ್ಸೇತುವೆ, ವಸತಿ ಸಮುಚ್ಚಯಗಳನ್ನು ಒಪ್ಪಿಕೊಳ್ಳುವುದು ತಕ್ಕದ್ದಲ್ಲ. ಟೆಂಡರ್ ದಾಖಲೆಯಲ್ಲೇ ಮೂರು ಸಂಗತಿಗಳು ಖಚಿತವಾಗಬೇಕು: ಈ ಮಿಶ್ರಣವನ್ನು ಎಷ್ಟನೇ ದಿನ ಅಳೆಯಬೇಕು, ಬಿರುಕು ಬಿಟ್ಟ ಮೇಲಿನ ವರ್ತನೆ ಬೇಕೇ, ಆ ಊರಿನ ಗಾಳಿ, ನೀರು, ಉಪ್ಪಿಗೆ ತಕ್ಕ ಬಾಳಿಕೆಯ ಪರೀಕ್ಷೆ ಯಾವುದು. ಇದಕ್ಕೆ ತಗಲುವ ಖರ್ಚು ಮುಂದಿನ ದುರಸ್ತಿಯ ಖರ್ಚಿನ ಮುಂದೆ ಅತ್ಯಲ್ಪ. ಸ್ಮೀಟನ್ ಸುಣ್ಣವನ್ನು ನೀರಿನಲ್ಲಿಟ್ಟು ನೋಡಿದ್ದು ಅದು ಬಾಳಬೇಕಾದದ್ದು ನೀರಿನಲ್ಲೇ ಎಂಬ ಕಾರಣಕ್ಕೆ. ಕಟ್ಟಡ ಬಾಳುವ ಜಾಗವನ್ನು ನೋಡಿ ಪರೀಕ್ಷೆಯನ್ನು ಆರಿಸುವ ಆ ವಿವೇಕ ನಮ್ಮ ಸಂಹಿತೆಗಳಿಗೂ ಗುತ್ತಿಗೆಗಳಿಗೂ ಅಡಿಪಾಯವಾಗಬೇಕು.